ಮೂರು ಜ್ಯಾಂಗೊ ಪ್ರಾಜೆಕ್ಟಿಗೆ ಒಂದೇ ಸಲಕರಣೆ ಪೆಟ್ಟಿಗೆ: ಎಕರೆ-ಗುಂಟೆ, ಚೀಲದ ದರ, ಕನ್ನಡ ಸ್ಲಗ್

ಸಿಂಧನೂರಿನ ಸರ್, ನೀವು ಕೇಳಿದ್ದು ಇಷ್ಟು: ಭತ್ತದ ದಲಾಲಿ ಅಂಗಡಿ, ಗೊಬ್ಬರದ ಅಂಗಡಿ, ರೈತ ಉತ್ಪಾದಕ ಕಂಪನಿ, ಮೂರಕ್ಕೂ ಜ್ಯಾಂಗೊದಲ್ಲಿ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ಬೇರೆ ಬೇರೆ ಪ್ರಾಜೆಕ್ಟ್ ಇವೆ. ಎಕರೆ-ಗುಂಟೆ ತೋರಿಸುವ, ಚೀಲದ ದರ ತೆಗೆಯುವ, ಕನ್ನಡ ಹೆಸರಿನಿಂದ ಸ್ಲಗ್ (ವೆಬ್ ವಿಳಾಸದಲ್ಲಿ ಹೆಸರು ತೋರಿಸುವ ಭಾಗ) ಮಾಡುವ ಕೋಡನ್ನು ಮೂರರಲ್ಲೂ ಕಾಪಿ ಮಾಡಿ ಹಾಕಿದ್ದೀರಿ. ಒಂದರಲ್ಲಿ ತಪ್ಪು ತಿದ್ದಿದರೆ ಇನ್ನೆರಡರಲ್ಲಿ ಹಾಗೇ ಉಳಿಯುತ್ತಿದೆ. ಇದನ್ನೆಲ್ಲ ಎಲ್ಲಿ, ಹೇಗೆ ಇಡಬೇಕು?

ವಾಟ್ಸಾಪಿನಲ್ಲಿ ಪೈಥಾನ್ ಕೋಡ್ ಅಂಟಿಸಿದರೆ ಸಾಲಿನ ಮುಂದಿನ ಜಾಗ ಕೆಟ್ಟು ಹೋಗುತ್ತದೆ. ಹಾಗಾಗಿ ಮಾತಿನಲ್ಲೇ ಬರೆಯುತ್ತೇನೆ, ನೋಡಿಕೊಂಡು ಟೈಪ್ ಮಾಡಿಕೊಳ್ಳಿ.

ಒಂದು ಸಣ್ಣ ಆ್ಯಪ್ ಮಾಡಿ. ಹೆಸರು "ಸಲಕರಣೆ" ಎಂದಿಟ್ಟುಕೊಳ್ಳೋಣ. ಅದರೊಳಗೆ ಮೊದಲು "ಲೆಕ್ಕ" ಎಂಬ ಫೈಲ್ ಇರಲಿ. ಇದರಲ್ಲಿ ಜ್ಯಾಂಗೊದ ಒಂದು ಇಂಪೋರ್ಟ್ ಕೂಡ ಇರಬಾರದು, ಬರೀ ಪೈಥಾನ್ ಫಂಕ್ಷನ್‌ಗಳು. ಟೆಂಪ್ಲೇಟ್ ಫಿಲ್ಟರ್ (ಪುಟದಲ್ಲಿ ಮೌಲ್ಯವನ್ನು ಬೇಕಾದ ರೂಪಕ್ಕೆ ತರುವುದು), ಫಾರ್ಮ್, ಅಡ್ಮಿನ್, ಎಕ್ಸೆಲ್ ವರದಿ ಎಲ್ಲವೂ ಇದೇ ಫಂಕ್ಷನ್‌ಗಳನ್ನು ಕರೆಯಲಿ. ಲೆಕ್ಕವನ್ನೆಲ್ಲ ಫಿಲ್ಟರ್ ಒಳಗೇ ಬರೆದುಬಿಟ್ಟರೆ ಎಕ್ಸೆಲ್ ವರದಿ ಮಾಡುವಾಗ ಮತ್ತೆ ಕಾಪಿ ಮಾಡಬೇಕಾಗುತ್ತದೆ. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ.

ಎಕರೆ-ಗುಂಟೆ

ನೀವು 2 ಎಕರೆ 15 ಗುಂಟೆಯ ವಿಸ್ತೀರ್ಣವನ್ನು ಡೆಸಿಮಲ್ ಫೀಲ್ಡಿನಲ್ಲಿ 2.15 ಎಂದು ಇಟ್ಟಿದ್ದೀರಿ. ಮೊದಲು ಸರಿಪಡಿಸಬೇಕಾದದ್ದು ಇದೇ. ಎಕರೆಗೆ 40 ಗುಂಟೆ. 2 ಎಕರೆ 30 ಗುಂಟೆಗೆ 1 ಎಕರೆ 20 ಗುಂಟೆ ಸೇರಿಸಿದರೆ 4 ಎಕರೆ 10 ಗುಂಟೆ ಆಗಬೇಕು. ಡೆಸಿಮಲ್ ಕೂಡಿದರೆ 3.50 ಬರುತ್ತದೆ, ಅದನ್ನು ನೋಡಿದವರು ಮೂರೂವರೆ ಎಕರೆ ಎಂದು ಓದುತ್ತಾರೆ. ಎಕರೆ ಲೆಕ್ಕದಲ್ಲಿ ಗೊಬ್ಬರ ಹಂಚುವ ಕಡೆ ಇದು ನೇರವಾಗಿ ಚೀಲದ ಲೆಕ್ಕ ತಪ್ಪಿಸುತ್ತದೆ.

ಪಹಣಿಯಲ್ಲಿ ಗುಂಟೆಯ ಮುಂದೆ ಆಣೆಯೂ ಇರುತ್ತದೆ, ಗುಂಟೆಗೆ 16 ಆಣೆ. ಹೀಗಾಗಿ ಡೇಟಾಬೇಸಿನಲ್ಲಿ ಎಲ್ಲವನ್ನೂ ಆಣೆಯಲ್ಲೇ ಇಡಿ, ಪಾಸಿಟಿವ್ ಇಂಟಿಜರ್ ಫೀಲ್ಡ್ ಸಾಕು. ಎಕರೆಗೆ 640 ಆಣೆ. 2-15-08 ಎಂದರೆ 1,280 ಕೂಡಿಸು 240 ಕೂಡಿಸು 8, ಒಟ್ಟು 1,528. ತೋರಿಸುವಾಗ ಡಿವ್‌ಮಾಡ್ ಎರಡು ಸಲ: ಮೊದಲು 640ರಿಂದ, ಉಳಿದದ್ದನ್ನು 16ರಿಂದ. ಖರಾಬಿಗೆ (ಸಾಗುವಳಿಗೆ ಬಾರದ ಜಮೀನು) ಬೇರೆಯೇ ಕಾಲಂ ಕೊಡಿ, ಒಟ್ಟು ವಿಸ್ತೀರ್ಣದಲ್ಲಿ ಕಳೆದು ಇಡಬೇಡಿ. ಪಹಣಿ ಜೊತೆ ತಾಳೆ ನೋಡುವಾಗ ಬೇಕಾಗುತ್ತದೆ.

ತುಂಬುವ ಕಡೆ ಮಲ್ಟಿ ವ್ಯಾಲ್ಯೂ ಫೀಲ್ಡ್, ಮಲ್ಟಿ ವಿಜೆಟ್ ಬಳಸಿ ಮೂರು ಡಬ್ಬಿ ಕೊಡಿ. ಕಂಪ್ರೆಸ್ ಮೂರು ಅಂಕಿಗಳನ್ನು ಆಣೆ ಮಾಡುತ್ತದೆ, ಡಿಕಂಪ್ರೆಸ್ ಆಣೆಯನ್ನು ಮೂರು ಅಂಕಿ ಮಾಡುತ್ತದೆ. ಇಲ್ಲಿ ಎರಡು ಕಡೆ ಎಡವುತ್ತಾರೆ. ಹೊಸ ದಾಖಲೆ ತೆರೆದಾಗ ಡಿಕಂಪ್ರೆಸ್‌ಗೆ ನನ್ (ಪೈಥಾನಿನಲ್ಲಿ "ಏನೂ ಇಲ್ಲ" ಎಂಬ ಮೌಲ್ಯ) ಬರುತ್ತದೆ, ಮೂರು ಖಾಲಿ ಜಾಗ ವಾಪಸು ಕೊಡಬೇಕು. ಕಡ್ಡಾಯವಲ್ಲದ ಫೀಲ್ಡನ್ನು ಬಿಟ್ಟು ಉಳಿಸಿದರೆ ಕಂಪ್ರೆಸ್‌ಗೆ ಖಾಲಿ ಲಿಸ್ಟ್ ಬರುತ್ತದೆ, ಅದನ್ನೂ ಮೊದಲೇ ನೋಡಿಕೊಳ್ಳಬೇಕು. ಗುಂಟೆ 39ಕ್ಕಿಂತ, ಆಣೆ 15ಕ್ಕಿಂತ ಹೆಚ್ಚಿದ್ದರೆ ವ್ಯಾಲಿಡೇಶನ್ ಎರರ್ ಎತ್ತಿ. ಸುಮ್ಮನೆ ಮುಂದಿನ ಎಕರೆಗೆ ತಳ್ಳಬೇಡಿ, 45 ಎಂದು ಬಂದಿದ್ದರೆ ಅದು ಟೈಪಿಂಗ್ ತಪ್ಪೇ.

ಒಟ್ಟು ಮಾಡುವಾಗ ಸಮ್ ಬಳಸುತ್ತೀರಲ್ಲ, ಒಂದೂ ದಾಖಲೆ ಇಲ್ಲದಿದ್ದರೆ ಅದು ಸೊನ್ನೆ ಕೊಡುವುದಿಲ್ಲ, ನನ್ ಕೊಡುತ್ತದೆ. ಜ್ಯಾಂಗೊ 4.0ರಿಂದ ಸಮ್‌ಗೆ ಡಿಫಾಲ್ಟ್ ಸೊನ್ನೆ ಎಂದು ಕೊಡಬಹುದು.

ಹಳೆಯ ಡೇಟಾ ತಿರುಗಿಸಲು ರನ್‌ಪೈಥಾನ್ ಮೈಗ್ರೇಶನ್ (ಡೇಟಾಬೇಸ್ ಬದಲಾಯಿಸುವ ಫೈಲ್) ಬರೆಯಬಹುದು, ಆದರೆ ಎಲ್ಲವನ್ನೂ ಕಣ್ಣುಮುಚ್ಚಿ ತಿರುಗಿಸಬೇಡಿ. ಚುಕ್ಕೆಯ ನಂತರ 40 ಅಥವಾ ಹೆಚ್ಚು ಇದ್ದರೆ ಅದು ಅಷ್ಟು ಗುಂಟೆಯಾಗಲು ಸಾಧ್ಯವಿಲ್ಲ, ತುಂಬಿದವರು ದಶಮಾಂಶ ಬರೆದಿರಬಹುದು. 2.25 ಇನ್ನೂ ಕಷ್ಟ: 25 ಗುಂಟೆಯೂ ಇರಬಹುದು, ಕಾಲು ಎಕರೆ ಅಂದರೆ 10 ಗುಂಟೆಯೂ ಇರಬಹುದು. 2.20 ಕೂಡ ಹಾಗೆಯೇ, 2.2 ಎಂದು ಹೊಡೆದದ್ದು 2 ಗುಂಟೆ ಆಗಿರಬಹುದು. ಇಂಥವನ್ನು ಪಟ್ಟಿ ತೆಗೆದು ಪಹಣಿ ಇಟ್ಟುಕೊಂಡು ಕೈಯಿಂದಲೇ ನೋಡಬೇಕು, ಬೇರೆ ದಾರಿ ಇಲ್ಲ.

ಕನ್ನಡ ಸ್ಲಗ್

ನಿಮ್ಮ ಕಡೆ ಬಂದಿರುವ ವಿಚಿತ್ರ ಯುಆರ್‌ಎಲ್‌ಗಳಿಗೆ ಕಾರಣ ಇದು. ಜ್ಯಾಂಗೊದ ಸ್ಲಗಿಫೈ ಫಂಕ್ಷನ್‌ಗೆ ಕನ್ನಡ ಪದ ಕೊಟ್ಟರೆ ಖಾಲಿ ಸ್ಟ್ರಿಂಗ್ ಬರುತ್ತದೆ, ಅದು ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ ಇರುವ ಹಳೆಯ ಪಟ್ಟಿ) ಅಕ್ಷರ ಮಾತ್ರ ಉಳಿಸಿಕೊಳ್ಳುತ್ತದೆ. ಅಲೋ ಯುನಿಕೋಡ್ ಟ್ರೂ ಎಂದು ಕೊಟ್ಟರೆ ಸರಿಹೋಯಿತು ಅನ್ನಿಸುತ್ತದೆ, ಹೋಗಿರುವುದಿಲ್ಲ. ಒಳಗೆ ಅದು ಬಳಸುವ, ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ "ಪದದ ಅಕ್ಷರ" ಎಂಬ ಗುರುತಿಗೆ ನಮ್ಮ ಒತ್ತು ಮೂಡಿಸುವ ಹಲಂತ ಚಿಹ್ನೆ, ಗುಣಿತದ ಚಿಹ್ನೆ, ಸೊನ್ನೆ ಯಾವುದೂ ಹೊಂದುವುದಿಲ್ಲ. ಯುನಿಕೋಡಿನಲ್ಲಿ ಅವು ಅಕ್ಷರಗಳಲ್ಲ, ಮಾರ್ಕ್ ವರ್ಗದವು. ಹಾಗಾಗಿ ರಾಯಚೂರು "ರಯಚರ" ಆಗುತ್ತದೆ, ಕೊಪ್ಪಳ "ಕಪಪಳ", ಬಳ್ಳಾರಿ "ಬಳಳರ", ನಿಮ್ಮ ಊರು "ಸಧನರ". ಬರೀ ನೋಡಲು ಕೆಟ್ಟದ್ದಾಗಿದ್ದರೆ ಸಹಿಸಬಹುದಿತ್ತು. ತೊಗರಿಯೂ "ತಗರ", ತಗರೂ (ಟಗರು) "ತಗರ". ಸ್ಲಗ್ ಯುನೀಕ್ ಎಂದು ಇಟ್ಟಿದ್ದರೆ ಎರಡನೆಯದನ್ನು ಉಳಿಸುವಾಗ ಇಂಟೆಗ್ರಿಟಿ ಎರರ್.

"ಲೆಕ್ಕ" ಫೈಲಿನಲ್ಲಿ ನಿಮ್ಮದೇ ಫಂಕ್ಷನ್ ಬರೆಯಿರಿ. ಮೊದಲು ಯುನಿಕೋಡ್‌ಡೇಟಾದ ನಾರ್ಮಲೈಸ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಬರಹಗಳೂ ಒಂದೇ ಆಗುವ ರೂಪಕ್ಕೆ, ತನ್ನಿ. "ಕೋ" ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಮೂರು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹುಡುಕಾಟದಲ್ಲಿ ರೈತರ ಹೆಸರು ಸಿಗುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಹೀಗಾಗಿ ಹೆಸರು ಉಳಿಸುವಾಗಲೂ ಎನ್‌ಎಫ್‌ಸಿ ಮಾಡಿ. ಆಮೇಲೆ ಒಂದೊಂದೇ ಅಕ್ಷರದ ಕ್ಯಾಟೆಗರಿ ನೋಡಿ: ಎಲ್, ಎಮ್, ಎನ್‌ನಿಂದ ಶುರುವಾದರೆ (ಅಕ್ಷರ, ಮಾರ್ಕ್, ಅಂಕಿ) ಇಟ್ಟುಕೊಳ್ಳಿ, ಸಿಎಫ್ (ಕಣ್ಣಿಗೆ ಕಾಣದ ಅಕ್ಷರ) ಆದರೆ ತೆಗೆದುಹಾಕಿ, ಉಳಿದದ್ದಕ್ಕೆಲ್ಲ ಹೈಫನ್. ಆ ಸಿಎಫ್ ಸಾಲು ಮರೆಯಬೇಡಿ. "ಸಾಫ್ಟ್‌ವೇರ್" ಥರದ ಪದದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರವೊಂದು ಇರುತ್ತದೆ. ಅದಕ್ಕೆ ಹೈಫನ್ ಹಾಕಿದರೆ ಪದ ಎರಡು ತುಂಡಾಗುತ್ತದೆ. ಕೊನೆಗೆ ಸಾಲಾಗಿ ಬಂದ ಹೈಫನ್‌ಗಳನ್ನು ಒಂದಕ್ಕೆ ಇಳಿಸಿ, ಹಿಂದೆ ಮುಂದೆ ಇರುವುದನ್ನು ತೆಗೆಯಿರಿ.

ಇಷ್ಟಾದ ಮೇಲೂ ಸ್ಲಗ್ ಫೀಲ್ಡಿನ ವ್ಯಾಲಿಡೇಟರ್ ನಿಮ್ಮ ಸ್ಲಗ್ಗನ್ನು ತಿರಸ್ಕರಿಸುತ್ತದೆ, ಅದರಲ್ಲೂ ಅದೇ ಗುರುತು ಇದೆ. ಸಾದಾ ಕ್ಯಾರ್ ಫೀಲ್ಡ್ ಬಳಸಿ. ಯುಆರ್‌ಎಲ್ ಪಟ್ಟಿಯ ಪಾತ್‌ನಲ್ಲಿರುವ ಸ್ಲಗ್ ಕನ್ವರ್ಟರ್ ಕೂಡ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ಒಪ್ಪುವುದಿಲ್ಲ, ಅಲ್ಲಿ ಎಸ್‌ಟಿಆರ್ ಕನ್ವರ್ಟರ್ ಹಾಕಿ. ಅಡ್ಮಿನ್‌ನ ಪ್ರಿಪಾಪ್ಯುಲೇಟೆಡ್ ಫೀಲ್ಡ್ಸ್ ತನ್ನ ಜಾವಾಸ್ಕ್ರಿಪ್ಟಿನಿಂದ ಸ್ಲಗ್ ಮಾಡುತ್ತದೆ, ನಿಮ್ಮ ಫಂಕ್ಷನ್ ಕರೆಯುವುದಿಲ್ಲ. ಅದನ್ನು ತೆಗೆದು ಮಾಡೆಲ್‌ನ ಸೇವ್‌ನಲ್ಲಿ ಸ್ಲಗ್ ಕಟ್ಟಿ.

ವಿಳಾಸದಲ್ಲಿ ಐಡಿ ಮೊದಲು, ಸ್ಲಗ್ ಆಮೇಲೆ ಇರಲಿ, ಹುಡುಕುವುದು ಐಡಿಯಿಂದ ಮಾತ್ರ ಆಗಲಿ. ಹೆಸರು ತಿದ್ದಿದರೂ ಹಳೆಯ ಲಿಂಕ್ ಸಾಯುವುದಿಲ್ಲ. ಲಿಂಕನ್ನು ವಾಟ್ಸಾಪಿಗೆ ಹಂಚುವಾಗ ಕನ್ನಡದ ಒಂದೊಂದು ಸಂಕೇತವೂ ಶೇಕಡಾ ಚಿಹ್ನೆಯ ರೂಪದಲ್ಲಿ 9 ಅಕ್ಷರ ಆಗುತ್ತದೆ: "ಸಿಂಧನೂರು" 8 ಸಂಕೇತ, ಅಂದರೆ 72 ಅಕ್ಷರ. ಸ್ಲಗ್ಗನ್ನು ಎರಡು ಮೂರು ಪದಕ್ಕೆ ನಿಲ್ಲಿಸಿ.

ಚೀಲದ ದರ, ಲಕ್ಷದ ಅಲ್ಪವಿರಾಮ

ನಮ್ಮ ಕಡೆ ಭತ್ತದ ದರ 75 ಕೆ.ಜಿ. ಚೀಲಕ್ಕೆ, ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. 2025-26ರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಚೀಲಕ್ಕೆ 1,776.75. ಫ್ಲೋಟ್ ಬೇಡ, ಡೆಸಿಮಲ್ ಬಳಸಿ. ಡೆಸಿಮಲ್‌ಗೆ 0.75 ಅನ್ನು ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಡುವುದು ಅಭ್ಯಾಸವಾಗಲಿ. ರೌಂಡ್ ಮಾಡಲು ಕ್ವಾಂಟೈಜ್ ಜೊತೆ ರೌಂಡ್ ಹಾಫ್ ಅಪ್. ಪೈಥಾನಿನ ಬರೀ ರೌಂಡ್ ಸರಿಯಾಗಿ ಅರ್ಧ ಇದ್ದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, 2.5 ಎಂಬುದು 2 ಆಗುತ್ತದೆ. ಅಂಗಡಿಯ ಲೆಕ್ಕಕ್ಕೂ ತಂತ್ರಾಂಶದ ಲೆಕ್ಕಕ್ಕೂ ರೂಪಾಯಿ ವ್ಯತ್ಯಾಸ ಬರುವುದು ಇಲ್ಲಿಂದ. ಚೀಲದ ತೂಕವನ್ನು ಕೋಡಿನಲ್ಲಿ ಬರೆಯದೆ ಬೆಳೆಯ ದಾಖಲೆಯಲ್ಲಿಡಿ, ಹತ್ತಿಗೆ ಈ 75 ನಡೆಯುವುದಿಲ್ಲ.

1,25,000 ಎಂದು ನಮ್ಮ ರೀತಿಯಲ್ಲಿ ತೋರಿಸಲು ಫಿಲ್ಟರ್ ಬರೆಯುವ ಅಗತ್ಯವೇ ಇಲ್ಲ, ಜ್ಯಾಂಗೊದಲ್ಲೇ ಇದೆ. ಸಲಕರಣೆ ಒಳಗೆ ಫಾರ್ಮ್ಯಾಟ್ಸ್ ಫೋಲ್ಡರ್, ಅದರೊಳಗೆ ಕೆಎನ್ (ಕನ್ನಡದ ಸಂಕೇತ) ಫೋಲ್ಡರ್, ಎರಡರಲ್ಲೂ ಇನಿಟ್ ಫೈಲ್, ಕೆಎನ್ ಒಳಗೆ ಫಾರ್ಮ್ಯಾಟ್ಸ್ ಫೈಲ್. ಅದರಲ್ಲಿ ಥೌಸಂಡ್ ಸೆಪರೇಟರ್ ಅಲ್ಪವಿರಾಮ, ಡೆಸಿಮಲ್ ಸೆಪರೇಟರ್ ಚುಕ್ಕೆ, ನಂಬರ್ ಗ್ರೂಪಿಂಗ್ ಎಂದರೆ 3, 2, 0ರ ಟ್ಯೂಪಲ್. ಕೊನೆಯ ಸೊನ್ನೆಗೆ "ಮುಂದೆಲ್ಲ ಎರಡೆರಡೇ" ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ ಮಾಡ್ಯೂಲ್ ಪಾತ್ ಈ ಫೋಲ್ಡರಿಗೆ ತೋರಿಸಬೇಕು, ಭಾಷೆ ಕೆಎನ್ ಇರಬೇಕು, ಯೂಸ್ ಥೌಸಂಡ್ ಸೆಪರೇಟರ್ ಟ್ರೂ ಇರಬೇಕು.

ಇದರ ಅಡ್ಡ ಪರಿಣಾಮ ಮೊದಲ ದಿನ ಕಾಣುವುದಿಲ್ಲ. ಟೆಂಪ್ಲೇಟಿನಲ್ಲಿ ಬರುವ ಎಲ್ಲ ಸಂಖ್ಯೆಗೂ ಅಲ್ಪವಿರಾಮ ಬೀಳುತ್ತದೆ. 2025ನೇ ಇಸವಿ 2,025 ಆಗುತ್ತದೆ. ದಾಖಲೆಗಳು 999 ದಾಟುವವರೆಗೆ ಐಡಿಗಳು ಸರಿ ಇರುತ್ತವೆ, 1000ನೇ ರೈತ ಸೇರಿದ ದಿನ ಜಾವಾಸ್ಕ್ರಿಪ್ಟಿಗೆ 1,000 ಹೋಗಿ ಬಟನ್ ಕೆಲಸ ನಿಲ್ಲಿಸುತ್ತದೆ. ಯುಆರ್‌ಎಲ್ ಟ್ಯಾಗ್ ಬಳಸಿದ ಕಡೆ ತೊಂದರೆ ಇಲ್ಲ. ಕೈಯಿಂದ ಬರೆದ ಲಿಂಕ್, ಡೇಟಾ ಆ್ಯಟ್ರಿಬ್ಯೂಟ್, ಸ್ಕ್ರಿಪ್ಟ್ ಒಳಗಿನ ಸಂಖ್ಯೆ, ಇವಕ್ಕೆ ಎಲ್10ಎನ್ ಲೋಡ್ ಮಾಡಿ ಅನ್‌ಲೋಕಲೈಜ್ ಫಿಲ್ಟರ್ ಹಾಕಿ.

ಫಿಲ್ಟರ್ ಕಾಣುತ್ತಿಲ್ಲ ಎಂದರೆ

ಟೆಂಪ್ಲೇಟ್‌ಟ್ಯಾಗ್ಸ್ ಫೋಲ್ಡರಿನಲ್ಲಿ ಇನಿಟ್ ಫೈಲ್ ಇದೆಯೇ, ಆ್ಯಪ್ ಇನ್‌ಸ್ಟಾಲ್ಡ್ ಆ್ಯಪ್ಸ್‌ನಲ್ಲಿ ಇದೆಯೇ, ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದಿರೇ, ನೋಡಿ. ಫೈಲಿಗೆ "ಫಿಲ್ಟರ್ಸ್" ಎಂಬ ಸಾಮಾನ್ಯ ಹೆಸರು ಕೊಡಬೇಡಿ. ಬೇರೆ ಆ್ಯಪ್‌ನಲ್ಲಿ ಅದೇ ಹೆಸರಿದ್ದರೆ ಎರಡರಲ್ಲಿ ಒಂದೇ ಲೋಡ್ ಆಗುತ್ತದೆ. "ಸಲಕರಣೆ_ಟ್ಯಾಗ್ಸ್" ಎಂದಿರಲಿ. ಫಿಲ್ಟರ್ ತನ್ನ ಮೌಲ್ಯದ ಜೊತೆ ಇನ್ನೊಂದೇ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಹೆಚ್ಚು ಬೇಕಾದರೆ ಸಿಂಪಲ್ ಟ್ಯಾಗ್ ಬರೆಯಿರಿ. ಎಚ್‌ಟಿಎಮ್‌ಎಲ್ ಕಟ್ಟುವ ಕಡೆ ಮಾರ್ಕ್ ಸೇಫ್ ಅಲ್ಲ, ಫಾರ್ಮ್ಯಾಟ್ ಎಚ್‌ಟಿಎಮ್‌ಎಲ್. ಮೊದಲನೆಯದು ರೈತರು ತುಂಬಿದ ಹೆಸರಿನಲ್ಲಿರುವುದನ್ನೆಲ್ಲ ಹಾಗೇ ಪುಟಕ್ಕೆ ಬಿಡುತ್ತದೆ.

ಎಲ್ಲ ಪುಟದ ಮೇಲೂ ತುಂಗಭದ್ರಾ ಜಲಾಶಯದ ಮಟ್ಟ ತೋರಿಸಬೇಕು ಎಂದಿದ್ದಿರಿ. ಅದಕ್ಕೆ ಕಾಂಟೆಕ್ಸ್ಟ್ ಪ್ರೊಸೆಸರ್ (ಎಲ್ಲ ಪುಟಕ್ಕೂ ಒಂದೇ ಮಾಹಿತಿ ಕಳಿಸುವ ಫಂಕ್ಷನ್). ಗರಿಷ್ಠ ಮಟ್ಟ 1,633 ಅಡಿ ಸ್ಥಿರವಾಗಿ ಬರೆಯಬಹುದು, ಇವತ್ತಿನ ಮಟ್ಟ ಡೇಟಾಬೇಸಿನಿಂದ ಬರಬೇಕು. ಪ್ರೊಸೆಸರ್ ಅಡ್ಮಿನ್ ಪುಟಕ್ಕೂ ಓಡುತ್ತದೆ, ಹಾಗಾಗಿ ಕ್ಯಾಶ್‌ನ (ತಾತ್ಕಾಲಿಕ ಸಂಗ್ರಹ) ಗೆಟ್ ಆರ್ ಸೆಟ್‌ನಲ್ಲಿ 30 ನಿಮಿಷ ಇಡಿ. ಡಿಫಾಲ್ಟ್ ಕ್ಯಾಶ್ ಒಂದೊಂದು ಪ್ರೊಸೆಸ್‌ಗೆ ಬೇರೆ. ಸರ್ವರಿನಲ್ಲಿ ಜ್ಯಾಂಗೊ ಓಡಿಸುವ ಗುನಿಕಾರ್ನ್‌ನಲ್ಲಿ ಮೂರು ವರ್ಕರ್ (ಪ್ರೊಸೆಸ್) ಇದ್ದರೆ ಸ್ವಲ್ಪ ಹೊತ್ತು ಮೂರು ಬೇರೆ ಮಟ್ಟ ಕಾಣಬಹುದು. ಅದು ಬೇಡವಾದರೆ ಡೇಟಾಬೇಸ್ ಕ್ಯಾಶ್ ಬಳಸಿ.

ಮೂರಕ್ಕೂ ಬೇಕಾದ "ಸೇರಿಸಿದ ಸಮಯ, ತಿದ್ದಿದ ಸಮಯ" ಫೀಲ್ಡ್‌ಗಳನ್ನು ಆ್ಯಬ್‌ಸ್ಟ್ರಾಕ್ಟ್ ಮಾಡೆಲ್‌ನಲ್ಲಿ (ಬೇರೆ ಮಾಡೆಲ್‌ಗಳಿಗೆ ಬುನಾದಿ, ತನಗೆ ಟೇಬಲ್ ಇಲ್ಲ) ಇಡಿ. ಕ್ವೆರಿಸೆಟ್‌ನ ಅಪ್‌ಡೇಟ್ ಬಳಸಿದರೆ ತಿದ್ದಿದ ಸಮಯ ಬದಲಾಗುವುದಿಲ್ಲ, ಅದನ್ನೂ ಕೈಯಿಂದ ಸೇರಿಸಬೇಕು. ಇವತ್ತಿನ ದಿನಾಂಕಕ್ಕೆ ಟೈಮ್‌ಜೋನ್‌ನ ಲೋಕಲ್‌ಡೇಟ್ ಕರೆಯಿರಿ. ನೌ ತೆಗೆದುಕೊಂಡು ಡೇಟ್ ಮಾಡಿದರೆ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ದಿನಾಂಕ ಬರುತ್ತದೆ, ಬೆಳಿಗ್ಗೆ 5.30ಕ್ಕೆ ಮುಂಚೆ ಬಂದ ಲಾರಿಯ ತೂಕದ ಚೀಟಿಗೆ ನಿನ್ನೆಯ ತಾರೀಕು ಬೀಳುತ್ತದೆ.

ನೆಟ್ಟಿನಿಂದ ತಂದ ತುಣುಕುಗಳು

ಕೋಡ್ ತುಣುಕಿನ ವಯಸ್ಸನ್ನು ಅದರ ಸಾಲುಗಳೇ ಹೇಳುತ್ತವೆ. ಮಿಡಲ್‌ವೇರ್ ಕ್ಲಾಸಸ್, ಅಸೈನ್‌ಮೆಂಟ್ ಟ್ಯಾಗ್, ಆನ್ ಡಿಲೀಟ್ ಇಲ್ಲದ ಫಾರಿನ್ ಕೀ ಕಂಡರೆ ಅದು ಜ್ಯಾಂಗೊ 2.0ಕ್ಕಿಂತ ಹಿಂದಿನದು. ಯುಗೆಟ್‌ಟೆಕ್ಸ್ಟ್, ಫೋರ್ಸ್ ಟೆಕ್ಸ್ಟ್, ರಿಕ್ವೆಸ್ಟ್‌ನ ಈಸ್ ಅಜಾಕ್ಸ್, ಕಾನ್ಫ್ ಯುಆರ್‌ಎಲ್ಸ್‌ನಿಂದ ತಂದ ಯುಆರ್‌ಎಲ್ ಫಂಕ್ಷನ್ ಎಲ್ಲವೂ 4.0ರಲ್ಲಿ ಹೋದವು. ಮಿಡಲ್‌ವೇರ್ ಹಳೆಯದಾದರೆ ತಿದ್ದುವುದಕ್ಕಿಂತ ಗೆಟ್ ರೆಸ್ಪಾನ್ಸ್ ರೀತಿಯಲ್ಲಿ ಹೊಸದಾಗಿ ಬರೆಯುವುದು ಬೇಗ ಮುಗಿಯುತ್ತದೆ.

ಕೊನೆಗೆ ಆ್ಯಪನ್ನು ಬೇರೆ ಗಿಟ್ ರೆಪೊದಲ್ಲಿ ಪೈಪ್ರಾಜೆಕ್ಟ್ ಟಾಮ್ಲ್ ಜೊತೆ ಇಡಿ. ನಿಮ್ಮ ಕಂಪ್ಯೂಟರಿನಲ್ಲಿ ಪಿಪ್ ಇನ್‌ಸ್ಟಾಲ್‌ಗೆ ಹೈಫನ್ ಇ ಕೊಟ್ಟು ಹಾಕಿಕೊಂಡರೆ ತಿದ್ದಿದ್ದು ಕೂಡಲೇ ಕಾಣುತ್ತದೆ. ಸರ್ವರಿನ ರಿಕ್ವೈರ್‌ಮೆಂಟ್ಸ್‌ನಲ್ಲಿ ಮಾತ್ರ ಗಿಟ್ ವಿಳಾಸದ ಮುಂದೆ ಟ್ಯಾಗ್ (ಆವೃತ್ತಿಯ ಹೆಸರು) ಬರೆಯಲೇಬೇಕು. ಮೇನ್ ಬ್ರಾಂಚ್ ಎಂದು ಬಿಟ್ಟರೆ ಗೊಬ್ಬರದ ಅಂಗಡಿಗೆ ಮಾಡಿದ ಬದಲಾವಣೆ ಸುಗ್ಗಿಯ ನಡುವೆ ದಲಾಲಿ ಅಂಗಡಿಗೂ ಹೋಗಿ ಕೂರುತ್ತದೆ. ನಿಮ್ಮಲ್ಲಿ ಓಡಿ, ಸರ್ವರಿನಲ್ಲಿ ಟೆಂಪ್ಲೇಟ್ ಸಿಗುತ್ತಿಲ್ಲ ಎಂದು ಬಂದರೆ ಪ್ಯಾಕೇಜ್ ಡೇಟಾದಲ್ಲಿ ಎಚ್‌ಟಿಎಮ್‌ಎಲ್ ಫೈಲ್‌ಗಳನ್ನು ಸೇರಿಸಿಲ್ಲ ಎಂದರ್ಥ.

ಟೆಸ್ಟ್‌ಗಳನ್ನು ಸಿಂಪಲ್ ಟೆಸ್ಟ್ ಕೇಸ್‌ನಲ್ಲಿ ಬರೆಯಿರಿ, "ಲೆಕ್ಕ" ಫೈಲಿಗೆ ಡೇಟಾಬೇಸ್ ಬೇಕಿಲ್ಲ. ಮೊದಲ ನಾಲ್ಕು ಇವಿರಲಿ: 2-30 ಕೂಡಿಸು 1-20 ಎಂದರೆ 4-10, 2-15-08 ಎಂದರೆ 1,528, 2,369ಕ್ಕೆ ಚೀಲಕ್ಕೆ 1,776.75, ಮತ್ತು ತೊಗರಿಯ ಸ್ಲಗ್ ತಗರಿನ ಸ್ಲಗ್ ಆಗಿರಬಾರದು. ಹಳೆಯ ಡೆಸಿಮಲ್ ಡೇಟಾ ತಿರುಗಿಸುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಅನುಮಾನ ಬಂದ ಸಾಲುಗಳ ಪಟ್ಟಿಯನ್ನು ರೈತರ ಹೆಸರು, ಸರ್ವೆ ನಂಬರ್ ಅಳಿಸಿ ಇಲ್ಲಿ ಹಾಕಿದರೆ ಒಟ್ಟಿಗೆ ನೋಡೋಣ.