ಸೆರಗಿನ ಮೇಲೆ ಬಿದ್ದ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಉಡುಗೆ ಮತ್ತು ಅದರ ಛಾಯಾಚಿತ್ರಣದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ದಾವಣಗೆರೆಯಲ್ಲಿ ಬಹುಕಾಲ ಸ್ಟುಡಿಯೊ ನಡೆಸಿದ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಊರನ್ನಷ್ಟೇ ಕೊಡಲಾಗಿದೆ.

ಪ್ರಶ್ನೆ: ಮಂಡಿಪೇಟೆಯ ಸೀರೆ ಅಂಗಡಿಯೊಂದಕ್ಕೆ ನಾನು ಫೋಟೊ ತೆಗೆದುಕೊಡುತ್ತೇನೆ. ಮೊಳಕಾಲ್ಮೂರು ರೇಷ್ಮೆ ಸೀರೆಗಳು ಕೈಯಲ್ಲಿ ಹಿಡಿದಾಗ ಕಾಣುವ ಹಾಗೆ ಫೋಟೊದಲ್ಲಿ ಕಾಣುವುದಿಲ್ಲ. ಜರಿ ಬೆಳ್ಳಗೆ ಸುಟ್ಟಂತಾಗುತ್ತದೆ, ಒಡಲಿನ ಬಣ್ಣ ಸಪ್ಪೆಯಾಗುತ್ತದೆ. ಇನ್ನೂ ದುಬಾರಿ ಕ್ಯಾಮೆರಾ ಕೊಳ್ಳಬೇಕೇ? (ದಾವಣಗೆರೆ)

ಉತ್ತರ: ಕೊಳ್ಳಬೇಡಿ. ನೀವು ಕ್ಯಾಮೆರಾದ ನೆತ್ತಿಯ ಮೇಲಿರುವ ಫ್ಲಾಷ್ ಬಳಸುತ್ತಿದ್ದೀರಿ ಎಂಬುದು ನೀವು ಹೇಳದಿದ್ದರೂ ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ರೇಷ್ಮೆ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹತ್ತಿಯ ಎಳೆಯಂತಿರದೆ ಹೆಚ್ಚುಕಡಿಮೆ ತ್ರಿಕೋನಾಕಾರವಾಗಿರುತ್ತದೆ. ಆ ಚಪ್ಪಟೆ ಮೈಗಳು ಬೆಳಕನ್ನು ಒಂದೊಂದು ಕೋನದಲ್ಲಿ ಒಂದೊಂದು ಬಗೆಯಾಗಿ ಹಿಂದಿರುಗಿಸುವುದರಿಂದಲೇ ರೇಷ್ಮೆಗೆ ಆ ಮಿರುಗು. ಅಂಗಡಿಯವರು ಡಬಲ್ ಶೇಡ್ ಎಂದು ಕರೆಯುವ ಸೀರೆಯಲ್ಲಿ ಹಾಸಿನ ನೂಲಿಗೆ ಒಂದು ಬಣ್ಣ, ಹೊಕ್ಕಿನ ನೂಲಿಗೆ ಮತ್ತೊಂದು ಬಣ್ಣ ಇರುತ್ತದೆ. ಬಟ್ಟೆ ಮಡಚಿಕೊಂಡಾಗ ನೆರಿಗೆಯ ಈ ಮಗ್ಗುಲಲ್ಲಿ ಒಂದು, ಆ ಮಗ್ಗುಲಲ್ಲಿ ಇನ್ನೊಂದು ಮೇಲೆದ್ದು ಕಾಣುತ್ತದೆ. ಬೆಳಕು ನೇರ ಎದುರಿನಿಂದ ಬಡಿದರೆ ಎರಡೂ ಬೆರೆತು, ಯಾವುದೂ ಅಲ್ಲದ ಮೂರನೆಯ ಬಣ್ಣ ಮಾತ್ರ ಉಳಿಯುತ್ತದೆ.

ನಾನು ಇದನ್ನು ಕಲಿತದ್ದು ಛಾಯಾಗ್ರಾಹಕರಿಂದಲ್ಲ, ಒಬ್ಬ ಅಂಗಡಿ ಗುಮಾಸ್ತರಿಂದ. ಗಿರಾಕಿ ಅನುಮಾನಿಸುತ್ತಿದ್ದಾಳೆ ಎಂದು ಗೊತ್ತಾದೊಡನೆ ಅವರು ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗಿನಿಂದ ಎತ್ತಿಕೊಂಡು ಬಾಗಿಲ ಬಳಿ ಬರುತ್ತಿದ್ದರು. ಸೆರಗನ್ನು ಮುಂಗೈ ಮೇಲೆ ಇಳಿಬಿಟ್ಟು, ಬೀದಿಯ ಬೆಳಕು ಪಕ್ಕದಿಂದ ಜಾರುವಂತೆ ಮೆಲ್ಲಗೆ ಮಗುಚುತ್ತಿದ್ದರು. ಆ ಮಗುಚುವಿಕೆಗೆ ಮಾರಾಟವಾದ ಸೀರೆಗಳ ಲೆಕ್ಕ ಇಟ್ಟವರಿಲ್ಲ. ನೀವು ಮಾಡಬೇಕಾದದ್ದೂ ಅಷ್ಟೇ. ಟ್ಯೂಬ್‌ಲೈಟುಗಳನ್ನು ಆರಿಸಿ, ಕಿಟಕಿ ಅಥವಾ ಬಾಗಿಲಿನ ಬೆಳಕು ಒಂದು ಮಗ್ಗುಲಿನಿಂದ ಬರುವಂತೆ ಸೀರೆ ಉಟ್ಟವರನ್ನು ನಿಲ್ಲಿಸಿ, ಇನ್ನೊಂದು ಮಗ್ಗುಲಿಗೆ ಒಂದು ಥರ್ಮೊಕೋಲ್ ಹಾಳೆ ಹಿಡಿಸಿ. ಜರಿ ಲೋಹದ ಗುಣದ್ದಾದ್ದರಿಂದ ಕನ್ನಡಿಯಂತೆ ತನ್ನ ಎದುರಿಗಿರುವುದನ್ನೇ ತೋರಿಸುತ್ತದೆ. ಎದುರಿಗೆ ಬರಿಯ ಬಲ್ಬ್ ಇದ್ದರೆ ಅಲ್ಲಲ್ಲಿ ಸುಟ್ಟ ಚುಕ್ಕೆಗಳು, ಅಗಲವಾದ ಬಿಳಿ ಹಾಳೆ ಇದ್ದರೆ ಉದ್ದಕ್ಕೂ ಹರಡಿದ ಹೊಳಪು. ಕ್ಯಾಮೆರಾದೊಳಗೆ ಹೋಗುವ ಬೆಳಕಿನ ಪ್ರಮಾಣವನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು, ಇಳಿಸಿದರೆ ಅರ್ಧದಷ್ಟು) ತಗ್ಗಿಸಿದರೆ ಜರಿಯೊಳಗಿನ ನೇಯ್ಗೆಯೂ ಉಳಿಯುತ್ತದೆ. ಮೊದಲ ಫೋಟೊದಲ್ಲಿ ಒಂದು ಬಿಳಿ ಕಾಗದವನ್ನು ಸೀರೆಯ ಪಕ್ಕ ಹಿಡಿಸಿಕೊಂಡು, ಬಣ್ಣದ ಹೊಂದಾಣಿಕೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ. ಇಲ್ಲವಾದರೆ ಫೋಟೊದಲ್ಲಿ ಕಂಡ ಬಣ್ಣವಲ್ಲವೆಂದು ಸೀರೆ ಹಿಂದಿರುಗಿ ಬಂದಾಗ ಅಂಗಡಿಯವರು ನಿಮ್ಮನ್ನೇ ಹುಡುಕುತ್ತಾರೆ.

ಪ್ರಶ್ನೆ: ಜಾತ್ರೆಯಲ್ಲಿ ನಮ್ಮ ತಂದೆಯವರ ಫೋಟೊ ತೆಗೆದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ ಫೋಟೊದಲ್ಲಿ ಮಾಸಿದಂತೆ ಬಂದಿದೆ. ಕರಿಕಂಬಳಿ ಹೊದ್ದ ದೊಡ್ಡಪ್ಪನವರ ಫೋಟೊದಲ್ಲಿ ಕಂಬಳಿಯೇ ಬೂದಿ ಮೆತ್ತಿದಂತಿದೆ. ಏಕೆ? (ಚಳ್ಳಕೆರೆ)

ಉತ್ತರ: ಕ್ಯಾಮೆರಾದೊಳಗಿನ ಮಾಪಕಕ್ಕೆ ಪಂಚೆ ಯಾವುದು, ಕಂಬಳಿ ಯಾವುದು ಎಂದು ತಿಳಿಯುವುದಿಲ್ಲ. ಎದುರಿನ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದು, ಅಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ ಎಂದು ಅದು ಊಹಿಸಿಕೊಳ್ಳುತ್ತದೆ. ಆದ್ದರಿಂದ ಚೌಕಟ್ಟಿನ ತುಂಬ ಬಿಳಿ ಇದ್ದರೆ ಅದನ್ನು ತಗ್ಗಿಸಿ, ಕಪ್ಪು ಇದ್ದರೆ ಅದನ್ನು ಏರಿಸಿ, ಎರಡನ್ನೂ ಬೂದಿಗೆ ತರುತ್ತದೆ. ಪಂಚೆಗೆ ಒಂದು ಸ್ಟಾಪ್ ಹೆಚ್ಚಿಸಿ, ಕಂಬಳಿಗೆ ಒಂದು ಸ್ಟಾಪ್ ಇಳಿಸಿ. ಮೊಬೈಲಿನಲ್ಲಿ ಪರದೆಯನ್ನು ಮುಟ್ಟಿದಾಗ ಮೂಡುವ ಸೂರ್ಯನ ಚಿಹ್ನೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೆ ಸಾಕು. ಇಬ್ಬರನ್ನೂ ಒಂದೇ ಫೋಟೊದಲ್ಲಿ ಕೂರಿಸುವುದಾದರೆ ಬಿಸಿಲು ಬಿಟ್ಟು ಬೇವಿನ ನೆರಳಿಗೆ ಕರೆದೊಯ್ದು, ಬೆಳಕಿನ ಅಳತೆಯನ್ನು ಮುಖಕ್ಕೆ ಹೊಂದಿಸಿ.

ಒಂದು ಮಾತು ಸೇರಿಸುತ್ತೇನೆ. ನಿಮ್ಮ ದೊಡ್ಡಪ್ಪನವರಿಗೆ ಕಂಬಳಿಯನ್ನು ಹೀಗೆ ಹೊದೆಯಿರಿ, ಹಾಗೆ ಹೊದೆಯಿರಿ ಎಂದು ಹೇಳಲು ಹೋಗಬೇಡಿ. ಮಳೆ ಬಂದರೆ ಕೊಪ್ಪೆ, ಕುಳಿತರೆ ಹಾಸು, ನಡೆದರೆ ಹೆಗಲ ಮೇಲಿನ ಮಡಿಕೆ ಎಂದು ಒಂದೇ ಬಟ್ಟೆಯನ್ನು ಮೂರು ಬಗೆಯಲ್ಲಿ ಬಳಸಿದವರ ಕೈಗೆ ಅದರ ಭಾರ ಎಲ್ಲಿ ನಿಲ್ಲಬೇಕೆಂಬುದು ನಮಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಆನೆಗಳ ನಡುವೆ ಉದ್ದನೆಯ ಗೌನ್ ತೊಟ್ಟು ನಿಂತ ಹೆಣ್ಣಿನ ಪ್ರಸಿದ್ಧ ಹಳೆಯ ಫೋಟೊ ನೋಡಿ ಮನಸೋತಿದ್ದೇನೆ. ಮದುವೆಗೆ ಮೊದಲು ನಾವಿಬ್ಬರೂ ಕೋಟೆಯ ಬಂಡೆಗಳ ನಡುವೆ ಅಂಥದೇ ಗೌನ್ ಮತ್ತು ಸೂಟ್‌ನಲ್ಲಿ ಫೋಟೊ ತೆಗೆಸಿಕೊಳ್ಳಬೇಕೆಂದಿದ್ದೇವೆ. ತಮ್ಮ ಅಭಿಪ್ರಾಯವೇನು? (ಚಿತ್ರದುರ್ಗ)

ಉತ್ತರ: ಅದು ಅಮೆರಿಕದ ಫ್ಯಾಷನ್ ಛಾಯಾಗ್ರಾಹಕ ರಿಚರ್ಡ್ ಅವೆಡನ್ 1955ರಲ್ಲಿ ಪ್ಯಾರಿಸ್ಸಿನ ಸರ್ಕಸ್ ಕಟ್ಟಡವೊಂದರಲ್ಲಿ ತೆಗೆದ ಚಿತ್ರ. ನಿಂತಿರುವಾಕೆ ರೂಪದರ್ಶಿ ಡೊವಿಮಾ. ಡೊರೊಥಿ ವರ್ಜೀನಿಯಾ ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳಿಂದ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಆಕೆ ಆ ಹೆಸರು ಕಟ್ಟಿಕೊಂಡಿದ್ದಳು. ಗೌನ್ ಪ್ಯಾರಿಸ್ಸಿನ ಡಿಯೊರ್ ಎಂಬ ಉಡುಪು ಸಂಸ್ಥೆಯದು, ಅದನ್ನು ರೂಪಿಸಿದವನು ಆಗಿನ್ನೂ ಎಳೆಯನಾಗಿದ್ದ ಈವ್ ಸಾಂ ಲೊರಾಂ. ಚಿತ್ರವನ್ನು ಮತ್ತೊಮ್ಮೆ ನಿಧಾನವಾಗಿ ನೋಡಿ. ಮೇಲಿನ ಗಾಜಿನ ಚಾವಣಿಯಿಂದ ಇಳಿದ ಬೆಳಕು ಆನೆಗಳ ಸುಕ್ಕುಸುಕ್ಕಾದ ಒರಟು ಚರ್ಮವನ್ನೂ, ನುಣುಪಾದ ಬಿಳಿಯ ಸೊಂಟಪಟ್ಟಿಯನ್ನೂ ಒಂದೇ ಸಮನಾಗಿ ಸವರಿದೆ. ಒಂದಿರುವುದರಿಂದಲೇ ಇನ್ನೊಂದು ಕಾಣುತ್ತಿದೆ. ಆನೆಗಳ ಕಾಲಿನ ಸರಪಳಿಯೂ ಚಿತ್ರದಲ್ಲಿದೆ, ಅವೆಡನ್ ಅದನ್ನು ಮರೆಮಾಡಿಲ್ಲ. ಇಷ್ಟೆಲ್ಲ ಹೊಗಳಿಕೆ ಬಂದ ಮೇಲೂ ಆ ಪಟ್ಟಿ ಇಳಿಬಿದ್ದ ರೀತಿ ಸರಿಯಾಗಲಿಲ್ಲವೆಂಬ ಅತೃಪ್ತಿ ಅವನಲ್ಲಿ ಉಳಿದಿತ್ತಂತೆ. ನನಗೆ ಅವನ ಬಗ್ಗೆ ಗೌರವ ಹುಟ್ಟಿಸಿದ್ದು ಆ ಅತೃಪ್ತಿಯೇ.

ದುರ್ಗದ ಬಂಡೆಗಳೂ ಆನೆಯ ಚರ್ಮದಂತೆಯೇ ಒರಟು, ಆದ್ದರಿಂದ ನಿಮ್ಮ ಊಹೆ ತಪ್ಪೇನಲ್ಲ. ಆದರೆ ಡೊವಿಮಾಗೆ ಅಂಥ ಬಟ್ಟೆ ಧರಿಸಿ ನಿಲ್ಲುವುದು ದಿನನಿತ್ಯದ ಕಸುಬಾಗಿತ್ತು. ಬಾಡಿಗೆಗೆ ತಂದ ಗೌನ್ ಎಲ್ಲಿ ಹರಿಯುವುದೋ ಎಂದು ಹೆದರಿ ಮೆಟ್ಟಿಲು ಹತ್ತುವ ಹುಡುಗಿಯ ಹೆದರಿಕೆ ಭುಜದಲ್ಲೇ ಕಂಡುಬಿಡುತ್ತದೆ. ಅದನ್ನು ಉಡುವುದೇ ನಿಜವಾದರೆ ಒಂದು ವಾರ ಮನೆಯಲ್ಲಿ ಉಟ್ಟು ಓಡಾಡಿ, ಕುಳಿತು, ಕಾಫಿ ಕುಡಿದು ಅಭ್ಯಾಸ ಮಾಡಿಕೊಳ್ಳಿ. ನನ್ನ ಮಾತು ಕೇಳುವುದಾದರೆ ನಿಮ್ಮದೇ ಒಂದು ಸಾಸಿವೆ ಹಳದಿಯ ಅಥವಾ ಗಾಢ ಹಸಿರಿನ ಸೀರೆ ಆ ಬೂದುಗಲ್ಲಿನ ಎದುರು ಅಂಥ ಗೌನಿಗಿಂತ ಚೆನ್ನಾಗಿ ನಿಲ್ಲುತ್ತದೆ. ಹತ್ತು ಗಂಟೆಯ ಮೇಲೆ ಅಲ್ಲಿ ಬಿಸಿಲು ನೆತ್ತಿಗೇರಿ ಕಣ್ಣಿನ ಕೆಳಗೆ ಕಪ್ಪು ಗುಳಿ ಬೀಳಿಸುತ್ತದೆ, ಆದ್ದರಿಂದ ಬೆಳಿಗ್ಗೆಯೇ ಮುಗಿಸಿ. ಕೋಟೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಟ್ರೈಪಾಡ್ ಮತ್ತು ದೀಪಗಳನ್ನು ಹೊತ್ತು ಹೋಗುವ ಮುನ್ನ ಅನುಮತಿಯ ವಿಚಾರ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಮಾಡೆಲ್ ಆಗಲು ಎಷ್ಟು ಎತ್ತರ ಇರಬೇಕು? ಫೋಟೊಗಳ ಆಲ್ಬಂ ಮಾಡಿಕೊಡುತ್ತೇವೆ, ಮುಂಗಡ ಕೊಡಿ ಎನ್ನುತ್ತಿದ್ದಾರೆ. (ಹರಿಹರ)

ಉತ್ತರ: ಎತ್ತರದ ಮಾತು ಆಮೇಲೆ. ಕೆಲಸ ಕೊಡುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ.

ಪ್ರಶ್ನೆ: ಮಗಳ ಮದುವೆ ಮಾತುಕತೆಗೆಂದು ಫೋಟೊ ತೆಗೆಸಿದೆವು. ಸ್ಟುಡಿಯೊದವರು ನಾವು ಕೇಳದಿದ್ದರೂ ಅವಳನ್ನು ಬೆಳ್ಳಗೆ ಮಾಡಿಕೊಟ್ಟಿದ್ದಾರೆ. ಮನೆಯವರಿಗೆಲ್ಲ ಸಂತೋಷ. ಮಗಳು ಮಾತ್ರ ಆ ಫೋಟೊ ಮುಟ್ಟುತ್ತಿಲ್ಲ. ಇದರಲ್ಲಿ ಅಷ್ಟು ಬೇಸರಪಡುವಂಥದ್ದೇನಿದೆ? (ಹೊಳಲ್ಕೆರೆ)

ಉತ್ತರ: ತಾಯಿ, ಈ ಪಾಪದಲ್ಲಿ ನನಗೂ ಪಾಲಿರುವುದರಿಂದ ನಿಮ್ಮ ಸ್ಟುಡಿಯೊದವರನ್ನು ಬೈಯುವ ಅಧಿಕಾರ ನನಗಿಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ನಾವು ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಟಚಿಂಗ್ ಮಾಡುತ್ತಿದ್ದೆವು. ನೆಗೆಟಿವ್‌ನಲ್ಲಿ ಕಪ್ಪಾದದ್ದು ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಮೊಡವೆಯ ಕಲೆ ಅಳಿಸಲೆಂದು ಹಿಡಿದ ಪೆನ್ಸಿಲ್ ಕೆನ್ನೆಯ ಮೇಲೆಲ್ಲ ಓಡಾಡಿ ಹುಡುಗಿಯನ್ನು ಎರಡು ಬಣ್ಣ ಮೇಲಕ್ಕೆ ಏರಿಸುತ್ತಿತ್ತು. ಗಿರಾಕಿಗಳು ಕೇಳುತ್ತಿದ್ದರು ಎನ್ನುವುದು ನಿಜ. ಕೇಳದವರಿಗೂ ಮಾಡಿಕೊಟ್ಟೆ ಎನ್ನುವುದೂ ಅಷ್ಟೇ ನಿಜ. ಒಮ್ಮೆ ಒಬ್ಬ ಹೆಣ್ಣುಮಗಳು ಪ್ರಿಂಟನ್ನು ಕೌಂಟರಿನ ಮೇಲಿಟ್ಟು, "ಇವರು ಯಾರು, ಅಣ್ಣಾ?" ಎಂದು ಕೇಳಿದಳು. ವ್ಯಂಗ್ಯವಿರಲಿಲ್ಲ, ಬೇರೆಯವರ ಫೋಟೊ ಕೊಟ್ಟೆನೆಂದೇ ಅವಳು ತಿಳಿದಿದ್ದಳು. ಅಂದಿನಿಂದ ನನ್ನ ಪೆನ್ಸಿಲ್ ಕಲೆಗಳ ಆಚೆಗೆ ಹೋಗಲಿಲ್ಲ.

ಈ ಒಲವು ನಮ್ಮ ಕೈಯಲ್ಲಷ್ಟೇ ಅಲ್ಲ, ಸಲಕರಣೆಯೊಳಗೂ ಇತ್ತು. ಅಮೆರಿಕದ ಕೊಡಾಕ್ ಕಂಪನಿ ಕಲರ್ ಪ್ರಿಂಟುಗಳ ಬಣ್ಣ ಸರಿಪಡಿಸಲು ಲ್ಯಾಬುಗಳಿಗೆ ಒಂದು ಮಾದರಿ ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಣ್ಣು; ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಎಂದು ಲೆಕ್ಕ. ಕಂದು ಬಣ್ಣದ ಛಾಯೆಗಳು ಫಿಲ್ಮಿನಲ್ಲಿ ಸರಿಯಾಗಿ ಮೂಡುವುದಿಲ್ಲವೆಂದು ಕಂಪನಿಯ ಕಿವಿಗೆ ಬೀಳುವಂತೆ ದೂರಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರೂ ಇದ್ದರು. ಮನುಷ್ಯರ ಚರ್ಮಕ್ಕಿಂತ ಮೇಜಿನ ಬಣ್ಣದ ಮಾತು ಬೇಗ ಕೇಳಿಸಿತು ಎಂದು ಯೋಚಿಸಿದಾಗ ಇಂದಿಗೂ ಕಸಿವಿಸಿಯಾಗುತ್ತದೆ. ಈಗ ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ ಜಾಹೀರಾತಿನ ರೂಪದರ್ಶಿಯ ಮೈಕಟ್ಟನ್ನು ಕಂಪ್ಯೂಟರಿನಲ್ಲಿ ತೆಳ್ಳಗೋ ದಪ್ಪಗೋ ಮಾಡಿದ್ದರೆ, ಫೋಟೊ ತಿದ್ದಲಾಗಿದೆ ಎಂದು ಅದರ ಮೇಲೆಯೇ ಬರೆಯಬೇಕು. ಮದುವೆಯ ಫೋಟೊಗಳಿಗೆ ಅಂಥ ನಿಯಮ ಯಾವ ದೇಶದವರು ತರುತ್ತಾರೋ ಕಾಣೆ.

ನಿಮ್ಮ ಮಗಳು ಫೋಟೊ ಮುಟ್ಟದಿರುವುದಕ್ಕೆ ಕಾರಣ ಸರಳವಾಗಿದೆ: ಅದು ಅವಳದಲ್ಲ. ತಿದ್ದದ ಮೂಲ ಫೋಟೊವನ್ನು ಸ್ಟುಡಿಯೊದಿಂದ ಕೇಳಿ ಪಡೆಯಿರಿ. ಅದು ಚೆನ್ನಾಗಿಲ್ಲವಾದರೆ ಸಂಜೆ ಐದರ ಮೇಲೆ ಅವಳನ್ನು ಮನೆಯ ಜಗುಲಿಯಲ್ಲಿ ನಿಮ್ಮ ಎದುರು ಕೂರಿಸಿ, ಅವಳಿಗೆ ಇಷ್ಟವಾದ ಸೀರೆಯಲ್ಲಿ, ಮಾತನಾಡುತ್ತಾ ನೀವೇ ತೆಗೆಯಿರಿ. ಹುಡುಗನ ಕಡೆಯವರು ಬಂದ ದಿನ ಫೋಟೊ ಮತ್ತು ಮುಖ ಎರಡನ್ನೂ ಹೋಲಿಸುವ ಕಷ್ಟ ಅವರಿಗೂ ತಪ್ಪುತ್ತದೆ.

ಪ್ರಶ್ನೆ: ಫ್ಯಾಷನ್ ಬೇರೆ, ಸ್ಟೈಲ್ ಬೇರೆ ಎನ್ನುತ್ತಾರೆ. ನಮ್ಮಂಥ ಊರಿನಲ್ಲಿ ಫ್ಯಾಷನ್ ಫೋಟೊ ತೆಗೆಯಲು ಏನಿದೆ? (ದಾವಣಗೆರೆ, ಕಾಲೇಜು ವಿದ್ಯಾರ್ಥಿ)

ಉತ್ತರ: ಅಂಗಡಿಯಲ್ಲಿ ಸಿಗುವುದು ಫ್ಯಾಷನ್, ಅದನ್ನು ಮನೆಗೆ ತಂದ ಮೇಲೆ ನೀವು ಅದಕ್ಕೆ ಮಾಡುವುದು ಸ್ಟೈಲ್. ನ್ಯೂಯಾರ್ಕಿನಲ್ಲಿ ಬಿಲ್ ಕನಿಂಗ್‌ಹ್ಯಾಮ್ ಎಂಬವರು ದಶಕಗಳ ಕಾಲ ಸೈಕಲ್ ತುಳಿಯುತ್ತಾ, ಕೂಲಿಕಾರರು ತೊಡುವ ನೀಲಿ ಅಂಗಿ ತೊಟ್ಟು, ಬೀದಿಯಲ್ಲಿ ನಡೆಯುವವರ ಉಡುಪಿನ ಫೋಟೊ ತೆಗೆದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 2016ರಲ್ಲಿ ತೀರಿಕೊಂಡರು. ಅವರು ನೋಡುತ್ತಿದ್ದುದು ಧರಿಸಿದವರ ಹೆಸರನ್ನಲ್ಲ, ಬಟ್ಟೆಯನ್ನು. ನೀವು ದುರ್ಗಾಂಬಿಕಾ ಜಾತ್ರೆಯ ದಿನ ದೇವಸ್ಥಾನದ ಬೀದಿಯ ತಿರುವಿನಲ್ಲಿ ಎರಡು ಗಂಟೆ ನಿಂತುಕೊಳ್ಳಿ. ವಲ್ಲಿಯನ್ನು ಹೆಗಲಿಗೆ ಎಸೆಯುವುದರಲ್ಲೇ ಎಷ್ಟು ಬಗೆ ಇವೆ, ಒಂದೇ ಅಂಗಡಿಯ ಒಂದೇ ಸೀರೆಯನ್ನು ವಾರಗಿತ್ತಿಯರಿಬ್ಬರು ಹೇಗೆ ಎರಡು ಸೀರೆಗಳನ್ನಾಗಿ ಮಾಡಿದ್ದಾರೆ ಎಂಬುದನ್ನು ನೋಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ, ಆದ್ದರಿಂದ ಅಷ್ಟರವರೆಗೆ ಸಂತೆಗಳಲ್ಲಿ ಕೈ ಪಳಗಿಸಿಕೊಳ್ಳಿ. ಹತ್ತಿರದಿಂದ ತೆಗೆಯುವಾಗ ಕೇಳಿ ತೆಗೆಯಿರಿ; ಬೇಡವೆಂದರೆ ಕ್ಯಾಮೆರಾ ಇಳಿಸಿ.

ಪ್ರಶ್ನೆ: ನಮ್ಮ ಅಜ್ಜಿಯದು ಒಂದೇ ಒಂದು ಹಳೆಯ ಸ್ಟುಡಿಯೊ ಫೋಟೊ ಇದೆ. ಕೈಯಲ್ಲಿ ವ್ಯಾನಿಟಿ ಬ್ಯಾಗ್, ಮಣಿಕಟ್ಟಿಗೆ ಗಡಿಯಾರ. ಎರಡೂ ಅವರವಲ್ಲ, ಅವರಿಗೆ ಗಡಿಯಾರ ನೋಡಲೂ ಬರುತ್ತಿರಲಿಲ್ಲ. ತಮ್ಮ ಇದನ್ನು ನೋಡಿ ನಗುತ್ತಾನೆ. ನನಗೇಕೋ ನಗು ಬರುವುದಿಲ್ಲ. (ಹಿರಿಯೂರು)

ಉತ್ತರ: ನನಗೂ ಬರುವುದಿಲ್ಲ. ನಮ್ಮ ಸ್ಟುಡಿಯೊದಲ್ಲಿ ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು ಇತ್ತು. ಅದೇ ಕೋಟನ್ನು ತೆಳ್ಳನೆಯ ಮೇಷ್ಟರೂ ದಪ್ಪನೆಯ ದಲಾಲರೂ ತೊಟ್ಟಿದ್ದಾರೆ. ತೆಳ್ಳಗಿನವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು, ದಪ್ಪಗಿನವರಿಗೆ ಗುಂಡಿ ಬಿಚ್ಚಿ ಮೇಲೊಂದು ಕೈ. ಕೈಗಡಿಯಾರ ಒಂದಿತ್ತು, ನಡೆಯುತ್ತಿರಲಿಲ್ಲ.

ಮಾಲಿ ದೇಶದ ಬಮಾಕೊ ನಗರದಲ್ಲಿ ಸೆಯ್ದು ಕೇಟಾ ಎಂಬ ಛಾಯಾಗ್ರಾಹಕ 1948ರಲ್ಲಿ ತೆರೆದ ಸ್ಟುಡಿಯೊದಲ್ಲೂ ಹೀಗೆಯೇ ಇತ್ತು. ಸೂಟು, ಪೆನ್ನು, ಗಡಿಯಾರ, ರೇಡಿಯೊ, ಸ್ಕೂಟರುಗಳನ್ನೂ ಗಿರಾಕಿಗಳ ಬಳಕೆಗೆ ಇಟ್ಟಿದ್ದ. ಹಿನ್ನೆಲೆಗೆ ಮೊದಲು ಕಟ್ಟಿದ್ದು ತನ್ನ ಸ್ವಂತ ಮಂಚದ ಹೊದಿಕೆಯನ್ನು. ಅಂಗಳದ ಬಿಸಿಲಿನಲ್ಲಿ, ಹೆಚ್ಚಾಗಿ ಒಬ್ಬರಿಗೆ ಒಂದೇ ಫೋಟೊ. 1990ರ ದಶಕದಲ್ಲಿ ಆ ಚಿತ್ರಗಳು ಪ್ಯಾರಿಸ್ ಮತ್ತು ನ್ಯೂಯಾರ್ಕಿನ ಗ್ಯಾಲರಿಗಳಲ್ಲಿ ತೂಗಿದಾಗ ಯಾರೂ ನಗಲಿಲ್ಲ, ಏಕೆಂದರೆ ಎರವಲು ತಂದ ಆ ರೇಡಿಯೊದ ಮೇಲೆ ಕೈಯಿಟ್ಟು ಕುಳಿತವರ ಭಂಗಿಯಲ್ಲಿ ಎರವಲಿನದು ಎಂಬ ಸಂಕೋಚವೇ ಇಲ್ಲ. ಪತ್ರಿಕೆಗಳ ಫ್ಯಾಷನ್ ಚಿತ್ರಗಳಲ್ಲಿ ರೂಪದರ್ಶಿ ತೊಟ್ಟ ಬಟ್ಟೆಯೂ ಅವಳದಲ್ಲ, ಫೋಟೊ ಮುಗಿದ ಮೇಲೆ ಹಿಂದಿರುಗಿಸುವಂಥದ್ದೇ. ನಿಮ್ಮ ಅಜ್ಜಿ ಬ್ಯಾಗನ್ನು ತೊಡೆಯ ಮೇಲೆ ಎರಡೂ ಕೈಯಿಂದ ಅವುಚಿಕೊಂಡಿದ್ದಾರೆಯೇ, ಮೊಣಕೈಗೆ ಸಿಕ್ಕಿಸಿಕೊಂಡಿದ್ದಾರೆಯೇ ಎಂದು ನೀವು ಬರೆದಿಲ್ಲ. ಅದನ್ನು ಒಮ್ಮೆ ಗಮನಿಸಿ, ತಮ್ಮನಿಗೂ ತೋರಿಸಿ.

ಫೋಟೊವನ್ನು ಗಾಜಿಗೆ ನೇರವಾಗಿ ತಾಗುವಂತೆ ಚೌಕಟ್ಟು ಹಾಕಿಸಬೇಡಿ, ಮಳೆಗಾಲದ ತೇವಕ್ಕೆ ಅಂಟಿಕೊಂಡು ಮುಖವೇ ಕಿತ್ತು ಬರುತ್ತದೆ. ನಡುವೆ ದಪ್ಪ ಕಾಗದದ ಅಂಚು ಇರಲಿ. ಅಜ್ಜಿಯ ಹೆಸರು, ಊರು ಮತ್ತು ಬ್ಯಾಗ್ ಯಾರದೆಂದು ತಿಳಿದಿದ್ದರೆ ಅದನ್ನೂ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಒತ್ತದೆ ಬರೆದಿಡಿ. ಬಾಲ್ ಪೆನ್ ಬೇಡ, ಅದರ ಗೀರು ಮುಂಬದಿಗೂ ಮೂಡುತ್ತದೆ.