ಸಂಬೊ ಆಗಲಾ ಅಂತ ಕೇಳಿದ ಚಿಕ್ಕಮಗಳೂರಿನ ತಂಗಿಗೆ

ತಂಗಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ನಾಲ್ಕು ತಿಂಗಳಾಗಿದೆ, ಜೊತೆಯಲ್ಲಿ ಕೆಲಸ ಮಾಡುವ ಇಲ್ಲಿಯ ಹುಡುಗನೊಬ್ಬ ಮನಸ್ಸಿಗೆ ಬಂದಿದ್ದಾನೆ, ಹಿಸಿಂಗೆನ್‌ನಲ್ಲಿರುವ ತನ್ನ ಮನೆಗೆ ಬಂದುಬಿಡು, ಸಂಬೊ ಆಗಿರೋಣ, ಅಂದರೆ ಮದುವೆಯಾಗದೆ ಒಟ್ಟಿಗೆ ಬಾಳೋಣ ಅಂತಾನೆ, ಅತ್ತ ಚಿಕ್ಕಮಗಳೂರಲ್ಲಿ ಅಪ್ಪ ನಿನ್ನ ಜಾತಕ ಹಿಡಿದು ಓಡಾಡುತ್ತಿದ್ದಾರೆ. 'ಇಲ್ಲಿಯವರಿಗೆ ಮದುವೆ ಲೆಕ್ಕಕ್ಕೇ ಇಲ್ವಾ ಅಕ್ಕ? ಇವತ್ತು ಇದ್ದು ನಾಳೆ ಎದ್ದು ಹೋಗ್ತಾರಾ? ನಾನು ಹೋದ್ರೆ ತಪ್ಪಾ? ಅಪ್ಪಂಗೆ ಏನು ಹೇಳಲಿ?' ಅಂತ ಕೇಳಿದ್ದೀಯ. ಕೊನೆಯಲ್ಲಿ ಜಾಕೆಟ್ ಯಾವುದು, ತೊಗರಿಬೇಳೆ ಎಲ್ಲಿ ಅಂತಲೂ ಇದೆ.

ಜಾಕೆಟ್ಟನ್ನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತಗೋ, ಬೂಟು ಮಾತ್ರ ಹೊಸದಿರಲಿ. ಬೇಳೆಗೆ ಇಂಡಿಯನ್ ಅಂಗಡಿಗೇ ಹೋಗಬೇಕು, ಒಮ್ಮೆಗೆ ಐದು ಕೆಜಿ ತಂದಿಟ್ಟುಕೋ. ನವೆಂಬರ್ ಬಂದರೆ ವಿಟಮಿನ್ ಡಿ ಬಿಡಬೇಡ. ಇನ್ನು ನೀನು ನಿಜವಾಗಿ ಕೇಳಿದ್ದಕ್ಕೆ ಬರ್ತೀನಿ.

ನಾನು ಸಕಲೇಶಪುರದ ಕಡೆಯವಳು. ಇಲ್ಲಿಗೆ ಬಂದದ್ದು 1998ರ ಜನವರಿಯಲ್ಲಿ, ಮದುವೆಯಾಗಿ ಎರಡೇ ತಿಂಗಳಿಗೆ. ಮನೆಯವರು ಕೆಲಸಕ್ಕೆ ಹೋದ ಮೇಲೆ ಮೂರನೇ ಮಹಡಿಯಲ್ಲಿ ಒಬ್ಬಳೇ ಕಿಟಕಿ ಹತ್ತಿರ ಕೂತಿರುತ್ತಿದ್ದೆ. ನಾಲ್ಕನೇ ದಿನ ಬಾಗಿಲು ತಟ್ಟಿದ ಸದ್ದಾಯಿತು. ಎದುರು ಮನೆಯ ಹೆಂಗಸು, ಐವತ್ತರ ಆಸುಪಾಸು, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು. ಬಟ್ಟೆ ಸರಿಸಿದರೆ ಏಲಕ್ಕಿಯ ಘಮ. ಈ ಜನ ಬನ್ನಿಗೆ ಏಲಕ್ಕಿಯನ್ನು ಧಾರಾಳವಾಗಿ ಕುಟ್ಟಿ ಹಾಕ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಏಲಕ್ಕಿ ಒಣಹಾಕಿದಾಗ ಬರುವ ವಾಸನೆಯೇ ಅದು. ಬಾಗಿಲಲ್ಲೇ ಅತ್ತುಬಿಟ್ಟೆ. ಅವಳು ಒಳಗೆ ಬಂದು ನನ್ನ ಭುಜ ಹಿಡಿದು ಕೂರಿಸಿದಳು. ಹಿಂದೆ ನಿಂತಿದ್ದ ಗಂಡಸನ್ನು ತೋರಿಸಿ 'ಮಿನ್ ಸಂಬೊ' ಅಂದಳು. ಅವನ ಹೆಸರು ಸಾಂಬ ಅಂತಲೇ ನನ್ನ ಕಿವಿಗೆ ಬಿತ್ತು.

ರಾತ್ರಿ ಮನೆಯವರು ಬಂದು ವಿವರಿಸಿದರು. ಮಿನ್ ಅಂದರೆ ನನ್ನ, ಸಮ್ ಅಂದರೆ ಜೊತೆ, ಬೂ ಅಂದರೆ ವಾಸ. ಇಬ್ಬರೂ ಇಪ್ಪತ್ತು ವರ್ಷದಿಂದ ಒಟ್ಟಿಗಿದ್ದಾರೆ, ಎರಡು ಮಕ್ಕಳಿವೆ, ಮದುವೆ ಅಂತ ಆಗಿಲ್ಲ. ನಮ್ಮಲ್ಲಿ ಸಾಂಬ ಅಂದರೆ ಅಂಬೆಯ ಸಹಿತ ಇರುವವನು, ಅಂದರೆ ಶಿವ. ಎರಡು ಮಾತಿನ ಅರ್ಥ ಎಷ್ಟು ಹತ್ತಿರ ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ನಾನು ಮಾಡಿದ್ದು ಇಷ್ಟೇ: ತಟ್ಟೆಯಲ್ಲಿ ಉಳಿದಿದ್ದ ಬನ್ನುಗಳನ್ನು ಮುಟ್ಟಲಿಲ್ಲ.

ಇವತ್ತು ಇದ್ದು ನಾಳೆ ಹೋಗ್ತಾರಾ ಅಂತ ಕೇಳಿದೆಯಲ್ಲ. ಆ ಹೆಂಗಸಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತು. ಅವನು ಆರು ವರ್ಷ ಅವಳ ಬೂಟಿನ ಲೇಸು ಕಟ್ಟಿ, ಕೈ ಹಿಡಿದು ಕೆರೆಯ ಸುತ್ತ ನಡೆಸುತ್ತಿದ್ದುದನ್ನು ನಾನೇ ನೋಡಿದ್ದೀನಿ. ಎರಡೇ ವರ್ಷಕ್ಕೆ ಬೇರೆಯಾದವರನ್ನೂ ನೋಡಿದ್ದೀನಿ. ಅಂಥವರು ಊರಲ್ಲೂ ಇದ್ದಾರೆ, ಅಲ್ಲಿ ಒಂದೇ ಸೂರಿನಡಿ ಮಾತು ಬಿಟ್ಟು ಕೂತಿರ್ತಾರೆ.

ಒಂದು ವಿಷಯ ತಲೆಯಲ್ಲಿಟ್ಟುಕೋ. ಇಲ್ಲಿ ಸ್ವಾತಂತ್ರ್ಯ ಇದೆ ಅಂದರೆ ಹೇಗೆ ಬೇಕಾದರೂ ನಡೆಯುತ್ತೆ ಅಂತಲ್ಲ. ನಾನು ಪುರಸಭೆಯ ಶಾಲೆಯಲ್ಲಿ ಗಣಿತ ಹೇಳಿಕೊಡ್ತೀನಿ. ಲೈಂಗಿಕ ಶಿಕ್ಷಣ ಈ ದೇಶದ ಶಾಲೆಗಳಲ್ಲಿ ಕಡ್ಡಾಯವಾದದ್ದು 1955ರಲ್ಲಿ. 2022ರಿಂದ ಆ ಪಾಠದ ಹೆಸರಿನಲ್ಲೇ 'ಒಪ್ಪಿಗೆ' ಅನ್ನುವ ಮಾತು ಸೇರಿದೆ. ನಮ್ಮ ಹುಡುಗಿಯರಿಗೆ ಮೈನೆರೆದಾಗ ಕೂರಿಸಿ ಚಿಗಳಿ ಉಂಡೆ ತಿನ್ನಿಸುತ್ತಿದ್ದರೇ ಹೊರತು ಬೇರೆ ಒಂದು ಮಾತೂ ಹೇಳುತ್ತಿರಲಿಲ್ಲ. ಇಲ್ಲಿ ಹದಿಮೂರರ ಹುಡುಗ ಹುಡುಗಿ ಒಟ್ಟಿಗೆ ಕೂತು, ಎದುರಿನವರು ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ ಅಂತ ಕಲಿತಾರೆ. 2018ರ ಜುಲೈ 1ರಿಂದ ಕಾನೂನೂ ಅದನ್ನೇ ಹೇಳುತ್ತೆ. ಇಷ್ಟವಿಲ್ಲದೆ ನಡೆದರೆ, ಹೊಡೆತ ಬೆದರಿಕೆ ಇಲ್ಲದಿದ್ದರೂ ಅದು ಅತ್ಯಾಚಾರ. ಹಣ ಕೊಟ್ಟು ಸಂಗ ಮಾಡುವುದು 1999ರಿಂದ ಅಪರಾಧ, ಶಿಕ್ಷೆ ಹಣ ಕೊಟ್ಟವನಿಗೆ, ತಗೊಂಡವಳಿಗಲ್ಲ. ಹಾಗಾಗಿ ಹೂಂ ಅಂದ ಮೇಲೂ ಬೇಡ ಅನ್ನೋಕೆ ನಿನಗೆ ಹಕ್ಕಿದೆ, ಅವನ ಮನೆಯಲ್ಲೇ ಇದ್ದರೂ ಇದೆ. ಮೈಯ ವಿಷಯಕ್ಕೆ ಏನೇ ಅನುಮಾನ ಬಂದರೂ ಆರೋಗ್ಯ ಸಲಹೆಯ ನಂಬರ್ 1177ಕ್ಕೆ ಫೋನ್ ಮಾಡು. ಮದುವೆಯಾಗಿದೆಯಾ ಅಂತ ಯಾರೂ ಕೇಳಲ್ಲ.

ಊರನ್ನು ನೆನೆದು ಭಯ ಪಡ್ತಿದ್ದೀಯ. ನಮ್ಮ ತೋಟದ ಕೂಲಿ ಲೈನಿನ, ಅಂದರೆ ಆಳುಗಳ ಸಾಲುಮನೆಯ, ಒಂದು ಸಂಜೆ ನೆನಪಾಗುತ್ತೆ. ನನಗಾಗ ಒಂಬತ್ತೋ ಹತ್ತೋ ವರ್ಷ. ಗಂಡನ ಹೊಡೆತ ತಾಳದೆ ಮಗು ಕಟ್ಟಿಕೊಂಡು ಬಂದವಳೊಬ್ಬಳು ಲೈನಿನ ಒಬ್ಬನ ಜೊತೆ ಇರೋಕೆ ಶುರು ಮಾಡಿದ್ದಳು. ತಾತ ಐದು ಜನರನ್ನು ಜಗಲಿಯಲ್ಲಿ ಕೂರಿಸಿದರು. ಅವನ ಕೈಲಿ ಒಂದು ಸೀರೆ, ಬಳೆ, ಎಲೆ ಅಡಿಕೆ ಕೊಡಿಸಿ, 'ಇವಳನ್ನೂ ಮಗೂನೂ ನೋಡ್ಕೋತೀನಿ ಅಂತ ಎಲ್ಲರ ಮುಂದೆ ಹೇಳು' ಅಂದರು. ಹೇಳಿದ. ಕೂಡಿಕೆ ಆಯಿತು. ಪುರೋಹಿತರಿಲ್ಲ, ಓಲಗವಿಲ್ಲ. ಅದನ್ನು ಯಾರೂ ಹಾದರ ಅನ್ನಲಿಲ್ಲ. ಆದರೆ ಅದೇ ಜಗಲಿಯ ಮನೆಯಲ್ಲಿ ಗಂಡ ಸತ್ತ ನನ್ನ ಸೋದರತ್ತೆ ಇಪ್ಪತ್ತಾರನೇ ವಯಸ್ಸಿಗೆ ಅಡುಗೆಮನೆ ಸೇರಿ, ಅಲ್ಲೇ ಮುದುಕಿಯಾದಳು. ಕೂಡಿಕೆ ಲೈನಿನವರಿಗೆ ಸರಿ, ಮನೆ ಮಗಳಿಗೆ ಬೇಡ. ಮನೆತನದ ಮಾನ ಅಂತ ಹೊರೆ ಕಟ್ಟಿ ಹೆಣ್ಣಿನ ತಲೆ ಮೇಲೆ ಇಟ್ಟು, ಗಂಡಸರು ಕೈಬೀಸಿಕೊಂಡು ಓಡಾಡುತ್ತಿದ್ದರು. ಯಾರು ಯಾರ ಮನೆಗೆ ರಾತ್ರಿ ಹೋಗ್ತಾರೆ ಅಂತ ಇಡೀ ಊರಿಗೆ ಗೊತ್ತಿತ್ತು.

ಈಗಲೂ ಹಾಗೇ ಇದೆ ಅನ್ನಲಾರೆ. ಕಳೆದ ಸಲ ಹೋದಾಗ ಮೂಡಿಗೆರೆ ಕಡೆ ಇರುವ ಕಸಿನ್ ಮನೆಯಲ್ಲಿ ಎರಡು ದಿನ ಇದ್ದೆ. ತೋಟದ ಹಳೇ ಗೋಡೌನನ್ನು ಹೋಂಸ್ಟೇ ಮಾಡಿದ್ದಾನೆ. ಬೆಂಗಳೂರಿಂದ ಶುಕ್ರವಾರ ರಾತ್ರಿ ಜೋಡಿಗಳು ಬರ್ತಾರೆ. ರಿಜಿಸ್ಟರ್ ತಿರುವಿ ನೋಡಿದೆ, ಸಂಬಂಧ ಅನ್ನುವ ಕಡೆ ಸಾಲಾಗಿ 'ಫ್ರೆಂಡ್ಸ್, ಫ್ರೆಂಡ್ಸ್' ಅಂತ ಬರೆದಿತ್ತು. ಅವನೇ ಅವರಿಗೆ ಅಕ್ಕಿರೊಟ್ಟಿ ಕಾಯಿಚಟ್ನಿ ಬಡಿಸ್ತಾನೆ, ಕೂತು ನಗುತ್ತಾ ಮಾತಾಡ್ತಾನೆ. ಒಳಗೆ ಅವನ ಮಗಳ ಫೋನ್ ಬೀರುವಿನಲ್ಲಿ ಬೀಗ ಹಾಕಿಟ್ಟಿತ್ತು, ಬೇರೆ ಜಾತಿಯ ಹುಡುಗನ ಜೊತೆ ಮಾತಾಡಿದಳು ಅಂತ. ನನಗೆ ಅವತ್ತು ಊಟ ಸೇರಲಿಲ್ಲ.

ಕೋರ್ಟು ಮಾತ್ರ ಊರಿಗಿಂತ ಮುಂದೆ ಹೋಗಿದೆ. 2018ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು 377ನೇ ಸೆಕ್ಷನ್ನಿಂದ ಹೊರಗಿಟ್ಟಿತು, ವ್ಯಭಿಚಾರದ 497ನೇ ಸೆಕ್ಷನ್ನನ್ನೇ ತೆಗೆದುಹಾಕಿತು. ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ ಅಂತಿದ್ದ ಕಾನೂನು ಅದು, ಹೆಂಡತಿ ಅಂದರೆ ಅವನ ಸೊತ್ತು ಅನ್ನುವ ಹಾಗೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ತಾಳಿ ಇಲ್ಲದೆ ಸಂಸಾರದಂತೆ ಬದುಕುವ ಹೆಂಗಸಿಗೂ ರಕ್ಷಣೆ ಇದೆ. ಹೊರಗೆ ಬಂದ ನಮ್ಮಂಥವರು ಹೊರಟ ವರ್ಷದ ಊರನ್ನೇ ಎದೆಯಲ್ಲಿ ಇಟ್ಟುಕೊಂಡು ಕೂತಿರ್ತೀವಿ. ಹಾಸನಾಂಬೆ ಗುಡಿಯ ಸೊಸೆಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತೆ ಅಂತಾರಲ್ಲ, ನನ್ನ ಮನಸ್ಸು ಸರಿದದ್ದೂ ಅಷ್ಟೇ ನಿಧಾನ. ಆ ನಿಧಾನಕ್ಕೆ ಒಬ್ಬಳು ಬೆಲೆ ತೆತ್ತಳು. ನಾನು ನಿನಗೆ ಇಷ್ಟುದ್ದ ಬರೀತಿರೋದು ಅವಳಿಂದಲೇ.

ಅರಸೀಕೆರೆಯವಳು. ಹೆಸರು ಬೇಡ. ಓದೋಕೆ ಬಂದವಳು ಇಲ್ಲಿಯವನೊಬ್ಬನ ಜೊತೆ 2006ರಲ್ಲಿ ಅವನ ಮನೆ ಸೇರಿದಳು. ಅವನಿಗೆ ಮೊದಲ ಮದುವೆಯ ದೊಡ್ಡ ಮಕ್ಕಳಿಬ್ಬರಿದ್ದರು. ಒಳ್ಳೆಯ ಮನುಷ್ಯ, ಇವಳಿಗೋಸ್ಕರ ಮುದ್ದೆ ತಿನ್ನೋದು ಕಲಿತಿದ್ದ. ಗೌರಿ ಹಬ್ಬಕ್ಕೆ ನಾವು ಏಳೆಂಟು ಮನೆಯವರು ಸೇರುತ್ತಿದ್ದೆವು. ಮೊರ ಇಲ್ಲಿ ಸಿಗಲ್ಲ ಅಂತ ಊರಿಂದ ಸೂಟ್‌ಕೇಸಿನಲ್ಲಿ ತರಿಸಿ ಬಾಗಿನ ಮಾಡುತ್ತಿದ್ದೆವು. ಮೊದಲ ವರ್ಷ ಅವಳು ಹಸಿರು ಸೀರೆ ಉಟ್ಟು ಬಂದಳು. ತಾಳಿ ಇಲ್ಲದವಳಿಗೆ ಮೊರದ ಬಾಗಿನ ಹೇಗೆ ಕೊಡೋದು ಅಂತ ಒಬ್ಬರು ಪಿಸುಗುಟ್ಟಿದರು. ನಾನು ಏನೂ ಅನ್ನಲಿಲ್ಲ. ಮೊರಗಳು ಅವಳ ಮುಂದಿಂದಲೇ ಅತ್ತಿತ್ತ ಹೋದವು. ಅವಳು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು.

ಆಮೇಲೂ ನನ್ನ ಮನೆಗೆ ಬರುತ್ತಿದ್ದಳು. 2010ರ ಸುಮಾರಿಗೆ ಒಂದು ಸಂಜೆ ಕಾಫಿ ಕುಡಿಯುತ್ತಾ ಕೇಳಿದಳು: 'ಅಕ್ಕ, ಮನೆ ಅವರ ಹೆಸರಲ್ಲಿದೆ. ಅಡುಗೆಮನೆ ಹೊಸದು ಮಾಡಿಸ್ತಿದ್ದೀವಿ, ಅರ್ಧ ದುಡ್ಡು ನಂದು. ಏನಾದ್ರೂ ಕಾಗದ ಮಾಡಿಸಬೇಕಾ?' ನನಗೆ ಗೊತ್ತಿತ್ತು ತಂಗಿ. ನಮ್ಮ ಯೂನಿಯನ್ನಿನ ವಕೀಲರು ಅದರ ಹಿಂದಿನ ವರ್ಷವೇ ಸಂಬೊ ಕಾಯ್ದೆ ವಿವರಿಸಿ ಪುಸ್ತಿಕೆ ಕೊಟ್ಟಿದ್ದರು, ಅದು ಅದೇ ಮೇಜಿನ ಡ್ರಾಯರಿನಲ್ಲಿತ್ತು. ತೆಗೆದು ಕೊಟ್ಟರೆ ಇವರಿಬ್ಬರ ಬಾಳುವೆಗೆ ನಾನೇ ಒಪ್ಪಿಗೆ ಕೊಟ್ಟ ಹಾಗಾಗುತ್ತೆ ಅನ್ನಿಸಿತು. 'ಮದುವೆ ಆಗ್ಬಿಡು, ಎಲ್ಲಾ ಸರಿಹೋಗುತ್ತೆ' ಅಂದೆ. ಇನ್ನೊಂದು ಲೋಟ ಕಾಫಿ ಬೇಕಾ ಅಂತ ಮಾತು ತಿರುಗಿಸಿದೆ.

2017ರ ನವೆಂಬರ್‌ನಲ್ಲಿ ಅವನು ಹಿಮ ಗುಡಿಸುತ್ತಾ ಕುಸಿದು ಹೋದ. ವಿಲ್ ಇರಲಿಲ್ಲ. ಸಂಬೊಗಳು ಒಬ್ಬರಿಗೊಬ್ಬರು ವಾರಸುದಾರರಲ್ಲ, ವಿಲ್ ಇದ್ದರೆ ಮಾತ್ರ ಬರುತ್ತೆ. ಇಬ್ಬರೂ ಬಾಳೋಕೆ ಅಂತಲೇ ಕೊಂಡ ಮನೆ, ಮನೆಸಾಮಾನು ಮಾತ್ರ ಪಾಲಿಗೆ ಸಿಗುತ್ತೆ. ಅವನು ಆ ಮನೆ ಕೊಂಡದ್ದು ಇವಳು ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಮಕ್ಕಳು ಕೆಟ್ಟವರಲ್ಲ, ವಸಂತ ಬರುವ ತನಕ ಇರಿ ಅಂದರು. ಹನ್ನೊಂದು ವರ್ಷದ ಮನೆ. ಸಾಮಾನು ಕಟ್ಟೋಕೆ ನಾನೂ ಹೋಗಿದ್ದೆ. ಸ್ಟೀಲ್ ಡಬ್ಬಿಗಳು, ಈಳಿಗೆಮಣೆ, ಅವನ ಒಂದು ಸ್ವೆಟರ್. ಅರ್ಧ ದುಡ್ಡು ಹಾಕಿದ ಆ ಅಡುಗೆಮನೆಯ ಕಟ್ಟೆಯನ್ನು ಒರೆಸಿ, ಬಟ್ಟೆ ಹಿಂಡಿ ನಲ್ಲಿಯ ಮೇಲೆ ಒಣಹಾಕಿ ಹೊರಟಳು. ನಮ್ಮವರು ಯಾರೂ ಅವಳನ್ನು ಮಾತಾಡಿಸಿಕೊಂಡು ಬರೋಕೆ ಹೋಗಿರಲಿಲ್ಲ. ಗಂಡ ಸತ್ತ ಅಂತ ಹೋಗೋದಾ, ಏನಂತ ಹೋಗೋದು ಅಂತ ಫೋನಿನಲ್ಲೇ ಮಾತಾಡಿಕೊಂಡರು.

ಊರಲ್ಲಿ ಒಂದು ಗಂಡು ಒಂದು ಹೆಣ್ಣು ಒಟ್ಟಾದರೆ ಸೋದರಮಾವ, ಅತ್ತೆ, ಜಗಲಿಯ ಮೇಲಿನ ಐದು ಜನ, ಯಾರೋ ಒಬ್ಬರು ಸಾಕ್ಷಿ ಇರ್ತಾರೆ. ಹಿಂಸೆ ಕೊಡೋರೂ ಅವರೇ, ಎತ್ತಿ ಹಿಡಿಯೋರೂ ಅವರೇ. ಇಲ್ಲಿ ನಿಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ಕಾಗದದ ಕೈಲಿ ಮಾಡಿಸಬೇಕು.

ಆದ್ದರಿಂದ ಇದನ್ನು ಗಮನವಿಟ್ಟು ಓದು. ಈಗಿನ ಸಂಬೊ ಕಾಯ್ದೆ 2003ರದ್ದು. ಅವನು ಮೊದಲೇ ಕೊಂಡ ಮನೆ ಅವನದೇ. ಇಬ್ಬರಿಗೆ ಅಂತ ಈಗ ಹೊಸದು ಕೊಂಡರೆ, ದುಡ್ಡು ಯಾರೇ ಹಾಕಲಿ, ಬೇರೆಯಾದಾಗ ಅರ್ಧರ್ಧ. ಪಾಲು ಕೇಳೋಕೆ ಒಂದೇ ವರ್ಷ ಗಡುವು. ಬ್ಯಾಂಕಿನ ಉಳಿತಾಯ, ಕಾರು ಇದರಲ್ಲಿ ಬರಲ್ಲ. ಸಂಬೊ ಕರಾರು, ಅಂದರೆ ಈ ಪಾಲಿನ ನಿಯಮ ನಮಗೆ ಬೇಡ ಅನ್ನುವ ಕಾಗದ, ಬರೆಯೋಣ ಅಂತ ಅವನೇ ಕೇಳಿದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅಳಬೇಡ, ವಕೀಲರಿಗೆ ತೋರಿಸಿ ಸಹಿ ಮಾಡು, ಜೊತೆಗೆ ಇಬ್ಬರೂ ವಿಲ್ ಮಾಡಿ. ನಿನ್ನ ಪರ್ಮಿಟ್ ನಿನ್ನ ಕೆಲಸದ ಮೇಲಿದೆ, ಅದನ್ನು ಹಾಗೇ ಇಟ್ಟುಕೋ, ಅವನ ಸಂಬಂಧದ ಮೇಲಿನ ಪರ್ಮಿಟ್ಟಿಗೆ ಬದಲಿಸಬೇಡ. ಮಗು ಆದರೆ ಅಪ್ಪ ಅಂತ ಅವನು ಬೇರೆಯಾಗಿ ದಾಖಲೆ ಮಾಡಿಸಬೇಕಾಗುತ್ತೆ, ಮದುವೆಯಾದವರಿಗೆ ಅದು ತಾನಾಗೇ ಆಗುತ್ತೆ.

ಮದುವೆಯೇ ಆಗ್ತೀವಿ ಅಂದರೆ ತೆರಿಗೆ ಇಲಾಖೆಯಿಂದ ಅಡ್ಡಿ ಇಲ್ಲ ಅಂತ ಪತ್ರ ತಗೋಬೇಕು, ನಾಲ್ಕು ತಿಂಗಳು ನಡೆಯುತ್ತೆ. ಇಬ್ಬರು ಸಾಕ್ಷಿ ಸಾಕು, ನಾನೊಬ್ಬಳು ಬರ್ತೀನಿ. ನನ್ನನ್ನು ಕೇಳಿದರೆ ಈಗಲೂ ಮದುವೆಯೇ ಇಷ್ಟ. ಧಾರೆ ಎರೆಸಿಕೊಂಡು ಬಂದವಳು ನಾನು, ಇಷ್ಟು ವರ್ಷ ಒಬ್ಬರಿಗೊಬ್ಬರು ಆಗಿ ಬಾಳಿದ ಹೆಮ್ಮೆ ನನಗಿದೆ. ಮೂಡಿಗೆರೆ, ಕೊಪ್ಪದ ಕಡೆ ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದ ಮದುವೆಗಳು ಹೊಸದೇನಲ್ಲ, ಅಪ್ಪ ಅದಕ್ಕಾದರೂ ಒಪ್ಪಬಹುದು.

ಅಪ್ಪನಿಗೆ ಏನು ಹೇಳಲಿ ಅಂದೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಸುಳ್ಳು ಮಾತ್ರ ಹೇಳಬೇಡ. ನಮ್ಮ ಹುಡುಗಿಯರು ವಿಡಿಯೋ ಕಾಲ್ ಬಂದಾಗ ಗೋಡೆಗೆ ಒರಗಿ ಕೂತು, ಹಿಂದೆ ಅವನ ಶರ್ಟು ಕಾಣದ ಹಾಗೆ ಮಾತಾಡ್ತಾರೆ. ವರ್ಷಗಟ್ಟಲೆ ಹಾಗೆ ಕೂತವರನ್ನು ನೋಡಿದ್ದೀನಿ, ಅವರ ಮುಖದಲ್ಲಿ ಸುಖ ಕಂಡಿಲ್ಲ.

ಅರಸೀಕೆರೆಯವಳು ಈಗ ಬೊರೋಸ್‌ನಲ್ಲಿ ಒಬ್ಬಳೇ ಇದ್ದಾಳೆ. ಹಿಂದಿನ ವರ್ಷ ಗೌರಿ ಹಬ್ಬಕ್ಕೆ ನಾನೇ ಹೋಗಿ ಕರೆದೆ. ಕಾಫಿ ಕೊಟ್ಟಳು, ಚೆನ್ನಾಗಿ ಮಾತಾಡಿಸಿದಳು. ಬರಲಿಲ್ಲ. ಅವಳಿಗೆ ಅಂತ ಕಟ್ಟಿಟ್ಟ ಮೊರ ನನ್ನ ಬೀರುವಿನ ಮೇಲೆ ಇನ್ನೂ ಇದೆ.

ಶನಿವಾರ ಬಾ, ಅವನನ್ನೂ ಕರೆದುಕೊಂಡು ಬಾ. ಕಡುಬು ಮಾಡ್ತೀನಿ. ಅದಕ್ಕೆ ಮೊದಲು ಅವನನ್ನು ಒಂದು ಮಾತು ಕೇಳಿ ನನಗೆ ಬರೆ: ಹಿಸಿಂಗೆನ್‌ನ ಆ ಮನೆ ಅವನು ಕೊಂಡದ್ದು ಯಾವ ವರ್ಷ?