ಧರ್ಮಕ್ಕೆ ಕೊಟ್ಟರೆ ಕಲೆಯ ಬೆಲೆ ಬೀಳುತ್ತದಾ?

ಚಿತ್ರ ಬರೆಯಲು ಯಾವ ಟ್ಯಾಬ್ಲೆಟ್ ಒಳ್ಳೆಯದು, ಯಾವ ಆ್ಯಪ್‌ನಲ್ಲಿ ಬರೆಯುವುದು ಎಂದು ಕೇಳಿದವರು ಈ ಸಲ ನನ್ನನ್ನು ಬಿಟ್ಟುಬಿಡಿ, ಅಂಗಡಿಯವನೇ ಹೇಳುತ್ತಾನೆ. ಉಳಿದ ಪತ್ರಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ಚಿತ್ರವನ್ನು ಪುಕ್ಕಟೆ, ನಮ್ಮ ಕಡೆಯ ಮಾತಿನಲ್ಲಿ ಧರ್ಮಕ್ಕೆ, ಕೊಡಬಹುದಾ, ಕೊಡಬಾರದಾ? ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ. ಯಾರಿಗೂ ತೃಪ್ತಿಯಾದಂತಿಲ್ಲ. ಇದೊಮ್ಮೆ ಉದ್ದಕ್ಕೆ ಬರೆಯುತ್ತೇನೆ. ಮುಂದೆ ಇದೇ ಪ್ರಶ್ನೆ ಬಂದರೆ ಈ ಪುಟವನ್ನೇ ಕತ್ತರಿಸಿ ಕಳಿಸುವವನಿದ್ದೇನೆ.

ಪ್ರಶ್ನೆ: ನಾನು ಯಕ್ಷಗಾನ ವೇಷಗಳ ಚಿತ್ರ ಬರೆಯುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಹಾಕಿ, ಬೇಕಾದವರು ಇಳಿಸಿಕೊಳ್ಳಿ ಎಂದು ಬಿಟ್ಟಿದ್ದೇನೆ. ಊರಿನ ಹಿರಿಯ ಕಲಾವಿದರೊಬ್ಬರು "ನೀವು ಹೀಗೆ ಹಂಚಿದರೆ ನಮ್ಮ ಅನ್ನಕ್ಕೆ ಕಲ್ಲು ಬೀಳುತ್ತದೆ, ಕಲೆಗೆ ಬೆಲೆ ಇಲ್ಲದಾಗುತ್ತದೆ" ಎಂದು ಬೈದರು. ಅವರು ಹೇಳಿದ್ದು ಸರಿಯಾ? — ಯುವ ಕಲಾವಿದೆ, ಕುಂಬಳೆ

ಅವರ ಹೊಟ್ಟೆಯ ಸಂಕಟ ಸರಿ. ಬೈಯಲು ಆರಿಸಿಕೊಂಡ ಜನ ಮಾತ್ರ ತಪ್ಪು.

ನೀವು ಬರೆಯುವುದು ಆಟದ, ಅಂದರೆ ಯಕ್ಷಗಾನದ, ವೇಷ ತಾನೇ? ಹಾಗಾದರೆ ಆಟದ ಲೆಕ್ಕವನ್ನೇ ನೋಡುವ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿ ಬಂತಲ್ಲ ಎಂಬುದೊಂದು ಬೇಸರ. ಬಯಲಾಟಕ್ಕೆ ಟಿಕೇಟಿಲ್ಲ. ಗದ್ದೆಯಲ್ಲಿ ಕುಳಿತು ನೋಡಿ, ನಡುವೆ ಎದ್ದು ಚರುಮುರಿ ತಿಂದು, ನಿದ್ದೆ ಬಂದರೆ ಅಲ್ಲೇ ಮಲಗಿ, ಮನೆಗೆ ಹೋಗಬಹುದು. ನೋಡುವವನ ಕಿಸೆಯಿಂದ ಒಂದು ಬಿಲ್ಲೆಯೂ ಹೋಗುವುದಿಲ್ಲ. ಆದರೂ ಕಟೀಲು ದೇವಸ್ಥಾನದ ಮೇಳದಿಂದ, ಅಂದರೆ ಯಕ್ಷಗಾನ ತಂಡದಿಂದ, ಹರಕೆ ಹೊತ್ತು ಆಟ ಆಡಿಸಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಇತ್ತ ಗೇಟು ಕಟ್ಟಿ, ಕುರ್ಚಿಗೊಂದು ನೆಲಕ್ಕೊಂದು ಟಿಕೇಟು ಇಟ್ಟ ಡೇರೆ ಮೇಳಗಳು ಒಂದು ಕಾಲಕ್ಕೆ ಮೆರೆದವು. ಅವುಗಳಲ್ಲಿ ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯವು ಒಂದೊಂದಾಗಿ ಡೇರೆ ಮಡಚಿದವು. ಗೇಟು ಇತ್ತೆಂದು ಅವು ಉಳಿಯಲಿಲ್ಲ, ಗೇಟು ಇಲ್ಲವೆಂದು ಹರಕೆ ಆಟ ಹಗುರವಾಗಲಿಲ್ಲ.

ಹಾಗೆಂದು ಹರಕೆ ಆಟದಲ್ಲಿ ವೇಷಧಾರಿ ಧರ್ಮಕ್ಕೆ ಕುಣಿಯುತ್ತಾನಾ? ಹರಕೆ ಹೊತ್ತ ಸೇವಾಕರ್ತರು ಮೇಳಕ್ಕೆ ಹಣ ಕಟ್ಟುತ್ತಾರೆ, ಮೇಳ ಕಲಾವಿದನಿಗೆ ಕೊಡುತ್ತದೆ. ದೀಪಾವಳಿಯ ಹೊತ್ತಿಗೆ ಹೊರಟವನು ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗಿನ ಲೆಕ್ಕ ಅದು. ಪುಕ್ಕಟೆ ನೋಡುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ. ನಿಮ್ಮ ಚಿತ್ರವನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡ ಹುಡುಗ ಗದ್ದೆಯಲ್ಲಿ ಕುಳಿತ ಪ್ರೇಕ್ಷಕ. ಅವನು ನಿಮ್ಮ ಊರಿನ ಹಿರಿಯರಿಗೆ ಯಾವ ಕಾಲಕ್ಕೂ ಗಿರಾಕಿ ಆಗುತ್ತಿರಲಿಲ್ಲ. ಅವನಿಂದ ಯಾರ ಅನ್ನಕ್ಕೂ ಕಲ್ಲು ಬೀಳುವುದಿಲ್ಲ.

ಕಲ್ಲು ಬೀಳುವ ಜಾಗ ಬೇರೆ. ಒಂದು ಕಾರ್ಯಕ್ರಮಕ್ಕೆ ಬಜೆಟ್ ಇದೆ, ಪ್ರತಿಯೊಂದು ಕೆಲಸಕ್ಕೂ ಹಣ ತೆಗೆದಿಟ್ಟಿದ್ದಾರೆ, ಚಿತ್ರಕ್ಕೆ ಮಾತ್ರ ಇಟ್ಟಿಲ್ಲ. ಅಲ್ಲಿ ನೀವು ಹೋಗಿ "ಪರವಾಗಿಲ್ಲ, ಮಾಡಿಕೊಡುತ್ತೇನೆ" ಎಂದರೆ ಆ ಹಿರಿಯರು ನಿಮಗೆ ಬೈದದ್ದು ಕಮ್ಮಿಯಾಯಿತು ಎಂದೇ ನಾನು ಹೇಳುವುದು.

ನಮ್ಮ ಕಾಸರಗೋಡು ಸಪ್ತಭಾಷೆಯ ಜಿಲ್ಲೆ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಈ ಒಂದು ಮಾತಿನಲ್ಲೂ ಅದು ಗೊತ್ತಾಗುತ್ತದೆ. ತುಳುವಿನಲ್ಲಿ ಪುಕ್ಕಟೆಗೆ "ಧರ್ಮೊಗು" ಎನ್ನುತ್ತಾರೆ, ಕೊಟ್ಟವನ ಗೌರವ ಆ ಮಾತಿನಲ್ಲೇ ಇದೆ. ಮಲಯಾಳದ "ವೆರುದೆ" ಎಂದರೆ ಪುಕ್ಕಟೆಯೂ ಹೌದು, ವ್ಯರ್ಥ ಎಂದೂ ಹೌದು. ಕನ್ನಡದ "ಬಿಟ್ಟಿ" ಎಲ್ಲಕ್ಕಿಂತ ಕಠೋರ. ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಅರಸನಿಗೆ ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿತ. ನೀವು ಇನ್‌ಸ್ಟಾಗ್ರಾಮಿನಲ್ಲಿ ಹಂಚುವುದು ಧರ್ಮೊಗು. ದೇವಸ್ಥಾನದ ಕಮಿಟಿಯವರು ನಮ್ಮಿಂದ ಮಾಡಿಸಿಕೊಳ್ಳುವುದು ಬಿಟ್ಟಿ. ಎರಡಕ್ಕೂ "ಫ್ರೀ" ಎಂದು ಒಂದೇ ಚೀಟಿ ಅಂಟಿಸಿದ್ದರಿಂದ ಈ ಜಗಳವೆಲ್ಲ.

ನನ್ನ ಮನೆಯ ಜಗಲಿಯಲ್ಲಿ ನಡೆಯುವ ಸಂಭಾಷಣೆಯನ್ನು ಹಾಗೆಯೇ ಬರೆಯುತ್ತೇನೆ. ಕಮಿಟಿಯ ಮೂವರು ಬರುತ್ತಾರೆ, ಯಾವಾಗಲೂ ಮೂವರೇ. ಒಬ್ಬರ ಕೈಯಲ್ಲಿ ಹಳೆಯ ಆಮಂತ್ರಣ ಪತ್ರಿಕೆ.

"ಮಾಷ್ಟ್ರೇ, ಬ್ರಹ್ಮಕಲಶ ನಿಶ್ಚಯ ಆಯ್ತು. ಆಮಂತ್ರಣಕ್ಕೆ ದೇವಿಯದ್ದೊಂದು ಚಿತ್ರ ಆಗಬೇಕಿತ್ತು. ಸಣ್ಣದು ಸಾಕು."

"ಎಷ್ಟು ಪುಟದ್ದು?"

"ಮೂವತ್ತೆರಡು. ಒಳಗೆ ಅಲ್ಲಲ್ಲಿ ಒಂದೊಂದು ಹಾಕಿದರೆ ಚಂದ ಅಲ್ಲವಾ?"

"ಪ್ರೆಸ್ಸಿಗೆ ಅಡ್ವಾನ್ಸ್ ಕೊಟ್ಟಾಯ್ತಾ?"

"ಅದು ಕೊಡದೆ ಅವರು ಕಾಗದ ತರಿಸುವುದಿಲ್ಲವಲ್ಲ ಮಾಷ್ಟ್ರೇ."

ಶಾಮಿಯಾನಕ್ಕೆ ಬಾಡಿಗೆ ಉಂಟು, ಸೌಂಡಿಗೆ ಉಂಟು, ಅಡಿಗೆಯವರಿಗೆ ತಲೆಗಿಷ್ಟು ಎಂದು ಉಂಟು. ಚಿತ್ರ ಬರೆದವನಿಗೆ ಪ್ರಸಾದ ಮತ್ತು ಒಂದು ಶಾಲು. ನನ್ನ ಕಪಾಟಿನಲ್ಲಿ ಇಂಥ ಶಾಲು ಇಪ್ಪತ್ತಮೂರು ಇವೆ. ಬೇಕಾದವರು ಬಂದು ಧರ್ಮೊಗು ಒಯ್ಯಿರಿ.

ತಪ್ಪು ಅವರದು ಮಾತ್ರವೆಂದು ನಾನು ಹೇಳಲಾರೆ. "ಎಷ್ಟಾಗುತ್ತದೆ ಮಾಷ್ಟ್ರೇ" ಎಂದು ಅಪರೂಪಕ್ಕೆ ಯಾರಾದರೂ ಕೇಳಿದಾಗ, ನಾವು ತಲೆ ತಗ್ಗಿಸಿ "ನೀವು ತಿಳಿದು ಕೊಡಿ" ಎನ್ನುತ್ತೇವೆ. ಹದಿನೈದು ವರ್ಷ ನಾನೂ ಹೀಗೇ ಅಂದವನು. ತಿಳಿದು ಕೊಡಿ ಎಂದ ಮೇಲೆ ಅವರಿಗೆ ತಿಳಿಯದಿದ್ದರೆ ಯಾರನ್ನು ದೂರುವುದು? ಮೀನಿನವಳು ಬಂಗುಡೆಗೆ "ತಿಳಿದು ಕೊಡಿ" ಎನ್ನುತ್ತಾಳಾ? ನಿಮ್ಮ ಹಿರಿಯರನ್ನು ಅವರ ರೇಟು ಏನೆಂದು ಒಮ್ಮೆ ಕೇಳಿ ನೋಡಿ. ಹೇಳುವುದಿಲ್ಲ. ಯಾರೂ ಬಾಯಿಬಿಟ್ಟು ಹೇಳದ ಬೆಲೆ ನೀವು ಹಂಚಿದ್ದರಿಂದ ಬಿತ್ತು ಎಂದರೆ ನಾನು ನಂಬುವುದು ಹೇಗೆ?

ಈಗ ನಾನು ಮಾಡುವುದನ್ನು ಹೇಳುತ್ತೇನೆ. ದೇವಸ್ಥಾನ, ಶಾಲೆ, ವಾಚನಾಲಯದ ಕೆಲಸ ಈಗಲೂ ಕೆಲವು ಪುಕ್ಕಟೆ ಮಾಡುತ್ತೇನೆ, ಆದರೆ ಬಿಲ್ಲು ಬರೆಯುತ್ತೇನೆ. ಮುಖಪುಟದ ಚಿತ್ರ ಒಂದು, 6,000. ಒಳಪುಟದ ರೇಖಾಚಿತ್ರ ನಾಲ್ಕು, 4,000. ಒಟ್ಟು 10,000. ಸೇವೆಯಾಗಿ ಬಿಟ್ಟದ್ದು 10,000. ಬಾಕಿ ಸೊನ್ನೆ. ಮೊದಲ ಸಲ ಕೊಟ್ಟಾಗ ಖಜಾಂಚಿ ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. "ಇದು ನಾವು ಕೊಡಬೇಕಾದ್ದಾ, ಬೇಡವಾದ್ದಾ?" ಎಂದರು. ಕೊಟ್ಟಾಗಿದೆ, ನೀವು ರಶೀದಿ ಬರೆಯಿರಿ ಎಂದೆ. ಊರವರು ದೇವಸ್ಥಾನಕ್ಕೆ ಒಪ್ಪಿಸುವ ಹೊರೆಕಾಣಿಕೆಯಲ್ಲಿ ಬಂದ ತೆಂಗಿನಕಾಯಿ, ಅಕ್ಕಿ, ಕುಂಬಳಕಾಯಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ, ಹನ್ನೆರಡು ದಿನದ ನನ್ನ ಕಣ್ಣು ಕೈಯೂ ಬರಲಿ. ಆ ವರ್ಷದ ಲೆಕ್ಕಪತ್ರದಲ್ಲಿ ಎರಡು ಮುಡಿ ಅಕ್ಕಿ ಕೊಟ್ಟವರ ಕೆಳಗೆ ನನ್ನ ಹೆಸರು ಅಚ್ಚಾಯಿತು. ಮರುವರ್ಷ ಪಕ್ಕದೂರಿನ ಕಮಿಟಿಯವರು ಬಂದವರು ಕೂರುವ ಮೊದಲೇ ರೇಟು ಕೇಳಿದರು. ಕೇಳಿದ ಮೇಲೆ ಚೌಕಾಸಿ ಮಾಡಿದರು, ಅದು ಬೇರೆ ಕಥೆ.

ಬಿಲ್ಲಿನ ಕೆಳಗೆ ಎರಡು ಸಾಲು ತಪ್ಪದೆ ಇರಲಿ: ಈ ಚಿತ್ರ ಈ ಆಮಂತ್ರಣಕ್ಕೆ ಮಾತ್ರ, ಬರೆದವರ ಹೆಸರು ಅಚ್ಚಾಗಬೇಕು. ಇದನ್ನು ಬರೆಯದೆ ನಾನು ಪೆಟ್ಟು ತಿಂದಿದ್ದೇನೆ. ಒಂದು ಉತ್ಸವಕ್ಕೆಂದು ಪ್ರೀತಿಯಿಂದ ಕೊಟ್ಟ ಮಹಿಷಮರ್ದಿನಿ ಮರುವರ್ಷ ಯಾವುದೋ ಅಂಗಡಿಯ ಕ್ಯಾಲೆಂಡರಿನಲ್ಲಿ ಬಂದಳು. ಮೂಲೆಯಲ್ಲಿದ್ದ ನನ್ನ ಸಹಿಯ ಮೇಲೆ ಫೋನ್ ನಂಬರ್ ಕೂರಿಸಿದ್ದರು. ಸಹಿಯ ಬಾಲ ಮಾತ್ರ ಸೊನ್ನೆಯೊಂದರ ಕೆಳಗಿನಿಂದ ಇಣುಕುತ್ತಿತ್ತು. ಕೇಳಲು ಹೋದರೆ "ಫ್ರೀ ಕೊಟ್ಟದ್ದಲ್ಲವಾ" ಎಂಬ ಉತ್ತರ.

ಆ ಉತ್ತರ ಕಾನೂನಿನಲ್ಲಿ ನಿಲ್ಲುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಲ್ಲಿ ಒಂದು ವಿಚಿತ್ರ ಇದೆ. ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ, ಭಾವಚಿತ್ರ, ಹೇಳಿ ತೆಗೆಸಿದ ಫೋಟೊ, ಇವುಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರದು. ಹಣ ಅಥವಾ ಬೆಲೆಯುಳ್ಳ ಪ್ರತಿಫಲ ಇಲ್ಲದೆ ಬರೆದುಕೊಟ್ಟರೆ ಆ ಕಲಮು ಅನ್ವಯವಾಗುವುದಿಲ್ಲ, ಹಕ್ಕು ಬರೆದವನಲ್ಲೇ ಉಳಿಯುತ್ತದೆ. ಹಾಗಾಗಿ ಒಪ್ಪಂದ ಬರೆಯಲು ಹೆಚ್ಚು ಎಚ್ಚರ ಬೇಕಾದದ್ದು ದುಡ್ಡು ಸಿಕ್ಕಿದಾಗ. ನಮ್ಮವರು ದುಡ್ಡು ಕಂಡ ಕೂಡಲೇ ಎಲ್ಲ ಮರೆಯುತ್ತಾರೆ. ಇನ್ನು 57ನೇ ಕಲಮು, ಹಕ್ಕು ಮಾರಿದ ಮೇಲೂ ಕಲಾವಿದನ ಕೈಬಿಡದ ಕಲಮು: ಕೃತಿಗೆ ಅವನ ಹೆಸರಿರಬೇಕು, ಅದನ್ನು ಕೆಡಿಸಬಾರದು. ಶಿಲ್ಪಿ ಅಮರನಾಥ ಸೆಹಗಲ್ ದಿಲ್ಲಿಯ ವಿಜ್ಞಾನ ಭವನಕ್ಕೆ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದರು. ಅದು ಸರಕಾರವೇ ಮಾಡಿಸಿದ್ದ ಶಿಲ್ಪ. ಆದರೂ 2005ರಲ್ಲಿ ದಿಲ್ಲಿ ಹೈಕೋರ್ಟು ಅವಶೇಷಗಳನ್ನು ಶಿಲ್ಪಿಗೆ ಹಿಂದೆ ಕೊಡಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ಮಾರಿದ್ದಕ್ಕೇ ಈ ರಕ್ಷಣೆ ಇರುವಾಗ, ಪ್ರೀತಿಯಿಂದ ಕೊಟ್ಟ ಚಿತ್ರದ ಸಹಿಯ ಮೇಲೆ ನಂಬರ್ ಅಂಟಿಸುವವನಿಗೆ ನೋಟಿಸು ಕೊಡಲು ಅಂಜಬೇಡಿ.

ನಿಮ್ಮ ಹಂಚಿಕೆಗೂ ಒಂದು ಕಟ್ಟು ಬೇಕು. "ಬೇಕಾದವರು ಇಳಿಸಿಕೊಳ್ಳಿ" ಎಂಬುದು ಕಟ್ಟಿಲ್ಲದ ಹೊರೆ. ಕಯ್ಯೂರಿನ ರೈತರ ಕಥೆಯನ್ನು ಕಾದಂಬರಿ ಮಾಡಿದ ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರೂ ಓದಬಹುದು, ಹಂಚಬಹುದು, ಮರುಮುದ್ರಿಸಬಹುದು. ಆದರೆ ಲೇಖಕರ ಹೆಸರು ಹೇಳಬೇಕು, ಅದರಿಂದ ಹೊಸತೇನಾದರೂ ಮಾಡಿದರೆ ಅದನ್ನೂ ಇದೇ ಷರತ್ತಿನಲ್ಲಿ ಬಿಡಬೇಕು. ಆ ಪರವಾನಗಿ ವ್ಯಾಪಾರಕ್ಕೂ ಬಾಗಿಲು ತೆರೆಯುತ್ತದೆ. ನಿಮಗೆ ಅದು ಬೇಡವಾದರೆ "ವಾಣಿಜ್ಯಕ್ಕಲ್ಲ" ಎಂಬ ಬಗೆಯದ್ದನ್ನು ಆರಿಸಿ, ಪ್ರತಿ ಚಿತ್ರದ ಕೆಳಗೂ ಕನ್ನಡದಲ್ಲಿ ಬರೆಯಿರಿ. ಒಂದು ಎಚ್ಚರ: ಹಾಗೆ ಬಿಟ್ಟದ್ದನ್ನು ತೆಗೆದುಕೊಂಡವರ ಕೈಯಿಂದ ಮತ್ತೆ ಕಿತ್ತುಕೊಳ್ಳಲಾಗುವುದಿಲ್ಲ. ಮದುವೆ ಮನೆಯ ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ದಿನ ಬಿಟ್ಟುಬಿಡಬೇಡಿ.

ಅಳತೆಯ ಬಗ್ಗೆಯೂ ಯೋಚಿಸಿ. ಎ4 ಕಾಗದದಲ್ಲಿ ಚೆನ್ನಾಗಿ ಅಚ್ಚಾಗಲು ಚಿತ್ರ 2480 ಬೈ 3508 ಪಿಕ್ಸೆಲ್ ಇರಬೇಕು. ಅಷ್ಟು ದೊಡ್ಡದನ್ನು ಹಂಚಬೇಡಿ. ಉದ್ದದ ಬದಿ 1600 ಇದ್ದರೆ ಫೋನಿಗೆ ಧಾರಾಳ, ಪುಸ್ತಕದಲ್ಲಿ ಚೆನ್ನಾಗಿ ಅಚ್ಚಾದರೆ ಐದೂವರೆ ಇಂಚು ದಾಟದು. ಬ್ಯಾನರಿನವರನ್ನು ಇದರಿಂದ ತಡೆಯಲಾಗದು, ದೂರದಿಂದ ನೋಡುವುದಕ್ಕೆ ಅವರಿಗೆ ಅಷ್ಟೇ ಸಾಕು. ಲೇಯರ್ (ಚಿತ್ರದ ಬಿಡಿ ಪದರ) ಇರುವ ಫೈಲನ್ನು ಮಾತ್ರ ಸ್ವಂತ ಭಾವನಿಗೂ ಕೊಡಬೇಡಿ. ಕೈಯಲ್ಲಿ ಬರೆದ ಮೂಲ ಚಿತ್ರ ನಾನು ಯಾರಿಗೂ ಪುಕ್ಕಟೆ ಕೊಡುವುದಿಲ್ಲ. ಇದಕ್ಕೆ ಕಾರಣ ಕೇಳಬೇಡಿ, ವಯಸ್ಸಾಗಿದೆ.

ಪ್ರಶ್ನೆ: ಹಣ ಇಲ್ಲ, ಆದರೆ ಒಳ್ಳೆಯ ಪ್ರಚಾರ ಸಿಗುತ್ತದೆ ಎನ್ನುತ್ತಾರೆ. ಒಪ್ಪಲಾ?

ಪ್ರಚಾರ ಕೊಡುವಷ್ಟು ದೊಡ್ಡವರಾದರೆ ಹಣ ಕೊಡುವಷ್ಟೂ ದೊಡ್ಡವರೇ.

ಪ್ರಶ್ನೆ: ಚಿತ್ರವನ್ನು ನನಗೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ಲಕೋಟೆ ಒಡೆಯದೆ ಇಟ್ಟರೆ ಕಾಪಿರೈಟ್ ಆಗುತ್ತದಂತೆ. ಹೌದಾ?

ಇಲ್ಲ. ಈ ಲಕೋಟೆ ಶಾಸ್ತ್ರ ಇನ್ನೂ ಸತ್ತಿಲ್ಲವಾ? ಬರೆದ ಕ್ಷಣದಲ್ಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವೇ ಅಲ್ಲ. ಬೇಕೆಂದರೆ ಕಲಾಕೃತಿಗೆ ಸರಕಾರಿ ಶುಲ್ಕ 500 ರೂಪಾಯಿ, ಮಾರಾಟದ ಸರಕಿನ ಮೇಲೆ ಬಳಸುವಂಥದ್ದಾದರೆ 2,000. ಇದಕ್ಕೇ ಹತ್ತು ಹದಿನೈದು ಸಾವಿರ ಕೇಳುವ ಏಜೆಂಟರು ಫೋನಿನಲ್ಲಿ ಬಹಳ ಮಂದಿ ಸಿಗುತ್ತಾರೆ. ಫೋನ್ ಇಡಿ.

ಪ್ರಶ್ನೆ: ಲೋಗೊ ಸ್ಪರ್ಧೆಗೆ ಕಳಿಸಬಹುದಾ? ಪ್ರವೇಶ ಉಚಿತ.

ನಿಯಮದ ಕೊನೆಯ ಸಾಲು ಓದಿ. "ಬಂದ ಎಲ್ಲ ಚಿತ್ರಗಳ ಹಕ್ಕು ಸಂಘಟಕರದು" ಎಂದಿದ್ದರೆ ಅದು ಸ್ಪರ್ಧೆಯಲ್ಲ, ಹೊರೆಕಾಣಿಕೆ.

ಪ್ರಶ್ನೆ: ಎಐ ಪುಕ್ಕಟೆ ಬರೆದುಕೊಡುವಾಗ ನಿಮಗೆ ಯಾಕೆ ದುಡ್ಡು?

ತೆಂಕುತಿಟ್ಟಿನ ಬಣ್ಣದ ವೇಷ (ರಕ್ಕಸನ ಪಾತ್ರ) ಕೇಳಿದೆ, ಕಥಕಳಿಯ ಪಚ್ಚೆ (ನಾಯಕನ ಹಸಿರು ವೇಷ) ಕೊಟ್ಟಿತು. ನಿಮಗೆ ವ್ಯತ್ಯಾಸ ಗೊತ್ತಾಗದಿದ್ದರೆ ಅದನ್ನೇ ಹಾಕಿಸಿ.

ಪ್ರಶ್ನೆ: ನಮ್ಮ ಕ್ಲಬ್ಬಿನ ಗಣೇಶೋತ್ಸವಕ್ಕೆ ನಿಮ್ಮ ಹಳೆಯ ಗಣಪತಿ ಚಿತ್ರ ಕಳಿಸುತ್ತೀರಾ? ಫಂಡ್ ಕಮ್ಮಿ.

ಕಳಿಸುತ್ತೇನೆ, ಬಿಲ್ಲೂ ಜೊತೆಗೆ ಬರುತ್ತದೆ, ರಶೀದಿ ಕಳಿಸಿ. ಹೋದ ವರ್ಷ ಒಬ್ಬರು ಜಾಗ ಹೊಂದಲಿಲ್ಲವೆಂದು ಚಿತ್ರವನ್ನು ಮಿರರ್ ಮಾಡಿ ಹಾಕಿದ್ದರು. ಎಡಮುರಿ ಗಣಪ ಬಲಮುರಿಯಾದ, ಮುರಿದ ದಂತ ಆಚೆ ಬದಿಗೆ ಹೋಯಿತು, ನನ್ನ ಹೆಸರು ಕನ್ನಡಿಯಲ್ಲಿ ಓದುವ ಹಾಗೆ ಅಚ್ಚಾಯಿತು. ನೀವು ಹಾಗೆ ಮಾಡಬೇಡಿ.